ಮೋರ್ಸ್ ಸ್ಪರ್ಧೆಯಲ್ಲಿ ಕೇಳಬೇಕಾದವರು ಯಾರು?

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಹವ್ಯಾಸಿ ಬಾನುಲಿ, ಅಂದರೆ ಹ್ಯಾಮ್ ರೇಡಿಯೋ ಎಂಬ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಪರೀಕ್ಷೆ ಬರೆದು, ಸರ್ಕಾರದಿಂದ ಪರವಾನಗಿ ಪಡೆದು, ಮನೆಯಲ್ಲೇ ಇರಿಸಿಕೊಂಡ ಪ್ರೇಷಕದ ಮೂಲಕ ದೇಶ ವಿದೇಶಗಳ ಹವ್ಯಾಸಿಗಳೊಡನೆ ಸಂಪರ್ಕ ಬೆಳೆಸುವವರು ನಾವು. ಈ ಬಳಗದಲ್ಲಿ, ಅಕ್ಷರಗಳನ್ನು ಚುಕ್ಕೆ ಗೆರೆಗಳೆಂಬ ಗಿಡ್ಡ ಮತ್ತು ಉದ್ದ ನಾದಗಳಾಗಿಸಿ ಕಳಿಸುವ ಮೋರ್ಸ್ ಸಂಕೇತದ ಸ್ಪರ್ಧೆಗಳ ಬಗ್ಗೆ ಬಹಳ ಕಾಲದಿಂದ ಬಿರುಸಾದ ಚರ್ಚೆ ನಡೆದಿದೆ. ಅದರಲ್ಲಿ ನಾನು ಯಾವ ಪಕ್ಷದವನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೋರ್ಸ್ ಸ್ಪರ್ಧೆಯಲ್ಲಿ ಸಂಕೇತವನ್ನು ಕೇಳಿ ಗುರುತಿಸುವ ಕೆಲಸವನ್ನು ಸ್ಪರ್ಧಿಯ ಕಿವಿಯೇ ಮಾಡಬೇಕು. ಕಳಿಸುವ ಕೆಲಸವನ್ನು ಕಂಪ್ಯೂಟರ್ ಮಾಡಲಿ, ದಾಖಲೆ ಬರೆಯುವ ಕೆಲಸವನ್ನೂ ಅದೇ ಮಾಡಲಿ, ನನ್ನ ತಕರಾರಿಲ್ಲ. ಕೇಳುವುದು ಮಾತ್ರ ಕಿವಿಯ ಕೆಲಸ.

ಸ್ಪರ್ಧೆಯ ಪರಿಚಯವಿಲ್ಲದವರಿಗಾಗಿ ಎಲ್ಲಕ್ಕಿಂತ ಹೆಸರಾದ ಸ್ಪರ್ಧೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಸಿಕ್ಯೂ ವರ್ಲ್ಡ್ ವೈಡ್ ಎಂಬ ಈ ಸ್ಪರ್ಧೆ 1948ರಲ್ಲಿ ಆರಂಭವಾಯಿತು. ಅದರ ಮೋರ್ಸ್ ಭಾಗ ನವೆಂಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿ, ನಮ್ಮ ಗಡಿಯಾರದ ಪ್ರಕಾರ ಶನಿವಾರ ಬೆಳಗಿನ ಐದೂವರೆಯಿಂದ ಸೋಮವಾರ ಬೆಳಗಿನ ಐದೂವರೆಯವರೆಗೆ, ಒಟ್ಟು 48 ಗಂಟೆ ನಡೆಯುತ್ತದೆ. ಜಗತ್ತನ್ನು 40 ವಲಯಗಳಾಗಿ ವಿಂಗಡಿಸಿದ್ದಾರೆ. ಭಾರತ, ಶ್ರೀಲಂಕಾ, ನೇಪಾಳ, ಮಾಲ್ಡೀವ್ಸ್ ಮುಂತಾದವು ಸೇರಿ 22ನೆಯ ವಲಯ. ಬೇರೆ ಖಂಡದ ಒಂದು ಕೇಂದ್ರವನ್ನು ಸಂಪರ್ಕಿಸಿದರೆ 3 ಅಂಕ ದೊರೆಯುತ್ತದೆ. ಹೀಗೆ ಕೂಡಿಟ್ಟ ಅಂಕಗಳನ್ನು ಸಂಪರ್ಕಿಸಿದ ವಲಯಗಳ ಮತ್ತು ದೇಶಗಳ ಒಟ್ಟು ಸಂಖ್ಯೆಯಿಂದ ಗುಣಿಸುತ್ತಾರೆ. ಆದ್ದರಿಂದ ಎಷ್ಟು ಮಂದಿಯೊಡನೆ ಸಂಪರ್ಕವಾಯಿತು ಎಂಬುದರಷ್ಟೇ ಎಷ್ಟು ಬಗೆಯ ಜಾಗಗಳೊಡನೆ ಸಂಪರ್ಕವಾಯಿತು ಎಂಬುದೂ ಮುಖ್ಯ.

ಒಂದು ಸಂಪರ್ಕ ಮುಗಿಯಲು ಕೆಲವೇ ಸೆಕೆಂಡು ಸಾಕು. ಒಬ್ಬರು ಕರೆಯುತ್ತಾರೆ, ಕೇಳಿಸಿಕೊಂಡವರು ತಮ್ಮ ಕರೆ ಸಂಕೇತವನ್ನು, ಅಂದರೆ ಅಕ್ಷರ ಮತ್ತು ಅಂಕಿಗಳಿಂದಾದ ತಮ್ಮ ಕೇಂದ್ರದ ಗುರುತನ್ನು, ಒಮ್ಮೆ ಮಾತ್ರ ಕಳಿಸುತ್ತಾರೆ, ಇಬ್ಬರೂ ಸಂಕೇತದ ಗುಣಮಟ್ಟ ಹೇಳುವ 599 ಎಂಬ ವರದಿಯನ್ನೂ ತಮ್ಮ ವಲಯದ ಸಂಖ್ಯೆಯನ್ನೂ ಕೊಟ್ಟುಕೊಳ್ಳುತ್ತಾರೆ, ಮುಂದಿನ ಕರೆ ಆರಂಭವಾಗುತ್ತದೆ. ಸ್ಪರ್ಧೆಯಲ್ಲಿ ನಿಮಿಷಕ್ಕೆ 30 ಪದಗಳ ವೇಗ ಸಾಮಾನ್ಯ. ಆ ವೇಗದಲ್ಲಿ ಒಂದು ಚುಕ್ಕೆ ಕೇವಲ 40 ಮಿಲಿಸೆಕೆಂಡು ಇರುತ್ತದೆ, ಒಂದು ಗೆರೆ ಅದರ ಮೂರರಷ್ಟು. ಅಷ್ಟರಲ್ಲಿ ಗೊತ್ತಿಲ್ಲದ ಒಂದು ಕರೆ ಸಂಕೇತ ಬಂದು ಹೋಗಿರುತ್ತದೆ, ಕಿವಿ ಅದನ್ನು ಹಿಡಿದಿರಬೇಕು. ಸ್ಪರ್ಧೆಯ ಸಾರ ಇರುವುದು ಅಲ್ಲಿ.

ಇನ್ನು ಚರ್ಚೆಗೆ ಬರುತ್ತೇನೆ. ಬಹಳ ವರ್ಷಗಳವರೆಗೆ ಮೋರ್ಸ್ ಕಲಿಯುವುದು ಕಡ್ಡಾಯವಾಗಿತ್ತು. ನಮ್ಮ ದೇಶದಲ್ಲೂ ಹಿಂದೆ ಎರಡನೆಯ ದರ್ಜೆಯ ಪರವಾನಗಿಗೆ ನಿಮಿಷಕ್ಕೆ 5 ಪದ, ಒಂದನೆಯ ದರ್ಜೆಗೆ 12 ಪದ ಬರಬೇಕಿತ್ತು. 1999ರ ಫೆಬ್ರವರಿಯಲ್ಲಿ ಹಡಗುಗಳು ಮೋರ್ಸ್ ಕಾವಲನ್ನು ಬಿಟ್ಟು ಉಪಗ್ರಹ ಆಧಾರಿತ ವ್ಯವಸ್ಥೆಗೆ ಹೊರಳಿದವು. 2003ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ರೇಡಿಯೋ ಸಮ್ಮೇಳನ ಹವ್ಯಾಸಿಗಳ ಮೇಲಿನ ಅಂತಾರಾಷ್ಟ್ರೀಯ ಕಡ್ಡಾಯವನ್ನು ತೆಗೆದುಹಾಕಿತು. 2007ರಲ್ಲಿ ಅಮೆರಿಕವೂ ಮೋರ್ಸ್ ಪರೀಕ್ಷೆಯನ್ನು ಪೂರ್ತಿಯಾಗಿ ಕೈಬಿಟ್ಟಿತು. ಮೋರ್ಸ್ ಇನ್ನು ಮುಗಿಯಿತು ಎಂದು ಆಗ ಹೇಳಿದವರು ಬಹಳ. ಅದು ಮುಗಿಯಲಿಲ್ಲ. ಯಾರ ಬಲವಂತವೂ ಇಲ್ಲದೆ, ಪ್ರೀತಿಯಿಂದ ಕಲಿಯುವವರ ಕೈಗೆ ಅದು ಬಂತು, ಮತ್ತು ಆ ಪ್ರೀತಿಗೆ ಕಸುವು ತುಂಬಿದ್ದು ಸ್ಪರ್ಧೆಗಳೇ.

ಅದೇ ಹೊತ್ತಿಗೆ, 2008ರಲ್ಲಿ, ಸಿಡಬ್ಲ್ಯು ಸ್ಕಿಮ್ಮರ್ ಎಂಬ ತಂತ್ರಾಂಶ ಬಂತು. ರೇಡಿಯೋ ಪಟ್ಟಿಯ, ಅಂದರೆ ಬ್ಯಾಂಡಿನ, ವಿಸ್ತಾರವಾದ ಭಾಗವನ್ನು ಇದು ಏಕಕಾಲಕ್ಕೆ ಆಲಿಸಿ, ಅಲ್ಲಿರುವ ನೂರಾರು ಮೋರ್ಸ್ ಸಂಕೇತಗಳನ್ನು ತಾನೇ ಓದಿ, ಯಾವ ಆವರ್ತನದಲ್ಲಿ ಯಾವ ಕೇಂದ್ರವಿದೆ ಎಂಬುದನ್ನು ಪರದೆಯ ಮೇಲೆ ಬರೆಯುತ್ತದೆ. ಇಂಥ ಗ್ರಾಹಕಗಳನ್ನು ಜಗತ್ತಿನ ಬೇರೆ ಬೇರೆ ಕಡೆ ಇರಿಸಿ ಅಂತರಜಾಲದ ಮೂಲಕ ಒಂದುಗೂಡಿಸಿದ್ದು ರಿವರ್ಸ್ ಬೀಕನ್ ಜಾಲ. ಸಂಶೋಧನೆಗೆ ಇದು ಅಮೂಲ್ಯ; ತರಂಗಗಳು ಯಾವ ಹೊತ್ತಿನಲ್ಲಿ ಯಾವ ದಿಕ್ಕಿಗೆ ಸಾಗುತ್ತವೆ ಎಂಬುದನ್ನು ಅದರಿಂದ ಚೆನ್ನಾಗಿ ತಿಳಿಯಬಹುದು. ಆದರೆ ಸ್ಪರ್ಧೆಯಲ್ಲಿ ಪರದೆಯ ಮೇಲಿನ ಹೆಸರನ್ನು ಒತ್ತಿದರೆ ರೇಡಿಯೋ ತಾನಾಗಿ ಆ ಆವರ್ತನಕ್ಕೆ ಹೋಗುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಕರೆ ಹೋಗುತ್ತದೆ, ಎದುರಿನವರ ವಲಯದ ಸಂಖ್ಯೆಯನ್ನು ತಂತ್ರಾಂಶ ಮೊದಲೇ ತುಂಬಿಟ್ಟಿರುತ್ತದೆ. ಇಲ್ಲಿ ಕಿವಿ ಏನನ್ನು ಕೇಳಿತು?

ಕೆಲವರು ಹೇಳುತ್ತಾರೆ, ಇದು ತಂತ್ರಜ್ಞಾನದ ಹವ್ಯಾಸ, ಹೊಸ ತಂತ್ರಜ್ಞಾನವನ್ನು ತಡೆಯುವುದು ತರವಲ್ಲ ಎಂದು. ಯಂತ್ರವೇ ಕಳಿಸಿ ಯಂತ್ರವೇ ಕೇಳುವ ವಿಧಾನ ಬೇಕೆನ್ನುವವರಿಗೆ ಎಫ್‌ಟಿ8 ಇದೆ. 2017ರಲ್ಲಿ ಬಂದ ಆ ವಿಧಾನದ ಹಿಂದಿರುವವರಲ್ಲಿ ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಜೋಸೆಫ್ ಟೇಲರ್ ಅವರೂ ಒಬ್ಬರು. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಅದು ಹಿಡಿಯುತ್ತದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಮೋರ್ಸನ್ನು ಆಯ್ದುಕೊಂಡ ಮೇಲೆ ಕೇಳುವುದನ್ನು ಯಂತ್ರಕ್ಕೆ ಒಪ್ಪಿಸಿದರೆ ಮೋರ್ಸಿನಲ್ಲಿ ಉಳಿಯುವುದಾದರೂ ಏನು? ಸ್ಕಿಮ್ಮರ್ ಬಳಸುವವರನ್ನು ಸಿಕ್ಯೂ ವರ್ಲ್ಡ್ ವೈಡ್ ಸ್ಪರ್ಧೆಯ ನಿಯಮ ಅಸಿಸ್ಟೆಡ್, ಅಂದರೆ ನೆರವು ಪಡೆದವರು, ಎಂಬ ಬೇರೆ ವಿಭಾಗದಲ್ಲಿ ಇರಿಸುತ್ತದೆ. ಒಂದೇ ರೇಡಿಯೋ, ಹೊರಗಿನ ಸಹಾಯವಿಲ್ಲ, 24 ಗಂಟೆಯ ಮಿತಿ ಎಂಬ ಕ್ಲಾಸಿಕ್ ವಿಭಾಗವೂ ಅಲ್ಲಿದೆ. ಇದು ಸರಿಯಾದ ದಾರಿ. ಪತ್ತೆ ಹಚ್ಚುವುದು ಕಷ್ಟ, ಆದ್ದರಿಂದ ವಿಭಾಗಗಳನ್ನು ಒಂದುಮಾಡಿಬಿಡೋಣ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಕಷ್ಟವೆಂಬ ಕಾರಣಕ್ಕೆ ನ್ಯಾಯವನ್ನು ಬಿಡಲಾಗದು.

ಈ ಮಾತಿಗೆ ಅತ್ಯಂತ ದೊಡ್ಡ ಸಾಕ್ಷಿ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಷಿಪ್. ಡಬ್ಲ್ಯುಆರ್‌ಟಿಸಿ ಎಂಬ ಈ ಕೂಟ 1990ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮೊದಲ ಬಾರಿಗೆ ನಡೆಯಿತು; ಆಮೇಲೆ ಕೆಲವು ವರ್ಷಗಳಿಗೊಮ್ಮೆ ಒಂದೊಂದು ದೇಶದಲ್ಲಿ ನಡೆಯುತ್ತ ಬಂದಿದೆ. 2014ರ ಜುಲೈನಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ನಡೆದ ಕೂಟದ ಬಗ್ಗೆ ನಾನು ಎಲ್ಲಿ ಹೋದರೂ ಹೇಳುತ್ತೇನೆ, ಇಲ್ಲಿಯೂ ಹೇಳಲೇಬೇಕು. 59 ತಂಡಗಳು, ತಂಡಕ್ಕೆ ಇಬ್ಬರು. ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಬಯಲುಗಳಲ್ಲಿ ಒಂದೊಂದು ತಂಡಕ್ಕೆ ಒಂದೊಂದು ಡೇರೆ. ಎಲ್ಲರಿಗೂ ಒಂದೇ ಬಗೆಯ ಆಂಟೆನಾ, ಒಂದೇ ಎತ್ತರದ ಗೋಪುರ, 100 ವಾಟ್ ಶಕ್ತಿಯ ಮಿತಿ. ಯಾರಿಗೆ ಯಾವ ಡೇರೆ ಎಂಬುದು ಚೀಟಿ ಎತ್ತಿ ನಿರ್ಧಾರ. ಕೆ, ಎನ್ ಅಥವಾ ಡಬ್ಲ್ಯು ಅಕ್ಷರ, ನಡುವೆ 1ರ ಅಂಕಿ, ಕೊನೆಗೊಂದು ಅಕ್ಷರ, ಇಷ್ಟೇ ಇದ್ದ ಪುಟ್ಟ ಕರೆ ಸಂಕೇತಗಳನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟು, ಸ್ಪರ್ಧೆಗೆ ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ತೆರೆಯಲು ಬಿಟ್ಟರು. ಹಾಗಾಗಿ ತಮ್ಮ ದೇಶದ ತಂಡ ಯಾವುದೆಂದು ಯಾರಿಗೂ ಗೊತ್ತಿಲ್ಲ, ಯಾರೂ ತಮ್ಮವರಿಗೆ ನೆರವಾಗುವಂತಿಲ್ಲ. ಡೇರೆಯಲ್ಲಿ ಒಬ್ಬ ತೀರ್ಪುಗಾರರು ಕುಳಿತು, ಸ್ಪರ್ಧಿಯ ಕಿವಿಗೆ ಬೀಳುವುದನ್ನೇ ತಾವೂ ಕೇಳುತ್ತಿರುತ್ತಾರೆ. ಅಂತರಜಾಲವಿಲ್ಲ. ಸ್ಕಿಮ್ಮರ್ ಇಲ್ಲ. ಹೀಗೆ 24 ಗಂಟೆ.

ನಮ್ಮ ಗಡಿಯಾರದಲ್ಲಿ ಅದು ಶನಿವಾರ ಸಂಜೆ ಐದೂವರೆಗೆ ಆರಂಭವಾಯಿತು. ಡೇರೆಗಳಲ್ಲಿದ್ದ ತಂಡಗಳು ಜಗತ್ತಿನ ಎಲ್ಲೆಡೆಯ ಹವ್ಯಾಸಿಗಳನ್ನು ಸಂಪರ್ಕಿಸಬೇಕಿತ್ತು. ಅಲ್ಲಿ ಧ್ವನಿ ಮತ್ತು ಮೋರ್ಸ್ ಎರಡಕ್ಕೂ ಅವಕಾಶವಿತ್ತು. ನಾನು ಬೆಂಗಳೂರಿನ ಮನೆಯಲ್ಲಿ ಕುಳಿತು 20 ಮೀಟರ್ ಪಟ್ಟಿಯ ಮೋರ್ಸ್ ಭಾಗವನ್ನು ಹುಡುಕುತ್ತಿದ್ದೆ. ನಡುರಾತ್ರಿಗೆ ಸ್ವಲ್ಪ ಮುಂಚೆ ಆ ಪುಟ್ಟ ಕರೆ ಸಂಕೇತಗಳಲ್ಲಿ ಒಂದು ಕೇಳಿಸಿತು. ನಮ್ಮಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ದಾರಿ ಉತ್ತರ ಧ್ರುವದ ಪಕ್ಕದಿಂದ ಹಾಯ್ದು ಹೋಗುತ್ತದೆ. ಅಲ್ಲಿನ ಕಾಂತೀಯ ಕ್ಷೋಭೆಯಿಂದಾಗಿ ಸಂಕೇತದ ಸ್ವರ ನಡುಗುತ್ತದೆ, ಚುಕ್ಕೆಗಳ ಅಂಚು ಕರಗುತ್ತದೆ. ನನ್ನ ತಂತಿ ಆಂಟೆನಾದಿಂದ ಹೊರಟ ಸಂಕೇತ ಆ ಡೇರೆಗೆ ಎಷ್ಟು ಹದಗೆಟ್ಟು ತಲುಪಿತೋ! ನಾನು ಕರೆದೆ. ಉತ್ತರವಾಗಿ ಬಂದದ್ದು ಭಾರತದ ಮೊದಲೆರಡು ಅಕ್ಷರ, ಅದರ ಮುಂದೆ ಒಂದು ಪ್ರಶ್ನೆಯ ಚಿಹ್ನೆ. ಅವರಿಗೆ ಅಷ್ಟು ಮಾತ್ರ ದಕ್ಕಿತ್ತು. ಮತ್ತೆ ಕಳಿಸಿದೆ. ಈ ಸಲ ಒಂದು ಅಂಕಿ, ಒಂದು ಅಕ್ಷರ ಹೆಚ್ಚಾಯಿತು. ನಡುವೆ ಯುರೋಪಿನ ಪ್ರಬಲ ಕೇಂದ್ರಗಳು ಅದೇ ಆವರ್ತನದಲ್ಲಿ ಕರೆಯುತ್ತಲೇ ಇದ್ದವು. ಒಂದೊಂದಕ್ಕೂ ಅಂಕ ಸಿಗುತ್ತಿತ್ತು, ಆ ಸ್ಪರ್ಧಿ ಅವರ ಕಡೆ ಹೊರಳಬಹುದಿತ್ತು. ಹೊರಳಲಿಲ್ಲ. ಅವರು ತಮ್ಮ ವೇಗವನ್ನು ಇಳಿಸಿ ಮತ್ತೆ ಭಾರತವನ್ನೇ ಕೇಳಿದರು. ನಾನೂ ವೇಗ ಇಳಿಸಿ ಕೊನೆಯ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಕಳಿಸಿದೆ. ಆಮೇಲೆ ನನ್ನ ಕರೆ ಸಂಕೇತ ಪೂರ್ತಿಯಾಗಿ, ಒಂದು ಚುಕ್ಕೆಯೂ ತಪ್ಪದೆ ಮರಳಿ ಬಂತು. ಆ ಸ್ಪರ್ಧೆಯ ಲೆಕ್ಕದಲ್ಲಿ ಅವರ ವಲಯ 8, ನನ್ನದು 41. ಸಂಖ್ಯೆಗಳು ವಿನಿಮಯವಾದವು, ಸಂಪರ್ಕ ಮುಗಿಯಿತು.

ಆ ಡೇರೆಯಲ್ಲಿದ್ದವರಿಗೆ ಯಾವ ಪರದೆಯೂ ನನ್ನ ಕರೆ ಸಂಕೇತವನ್ನು ತೋರಿಸಿರಲಿಲ್ಲ. ಜಾತ್ರೆಯ ಗದ್ದಲದಲ್ಲಿ ತಾಯಿಗೆ ತನ್ನ ಮಗುವಿನ ಅಳು ಬೇರೆಯಾಗಿ ಕೇಳುವ ಹಾಗೆ, ಪಳಗಿದ ಕಿವಿಗೆ ಹತ್ತು ಸಂಕೇತಗಳ ನಡುವಿನ ಕ್ಷೀಣ ಸಂಕೇತ ಬೇರೆಯಾಗಿ ಕೇಳಿತು. ಆ ಕೂಟವನ್ನು ಗೆದ್ದವರು ಅಮೆರಿಕದ ಡ್ಯಾನ್ ಕ್ರೇಗ್ ಮತ್ತು ಕ್ರಿಸ್ ಹರ್ಲ್‌ಬಟ್. ಅವರನ್ನು ವಿಶ್ವದ ಶ್ರೇಷ್ಠರೆಂದು ಎಲ್ಲರೂ ಒಪ್ಪುವುದು ಏಕೆ? ಸಲಕರಣೆಗಳನ್ನೆಲ್ಲ ಸಮನಾಗಿಸಿದ ಮೇಲೂ ಉಳಿದ ವ್ಯತ್ಯಾಸ ಅವರ ಕಿವಿಯಲ್ಲಿ ಮತ್ತು ತಾಳ್ಮೆಯಲ್ಲಿ ಇದ್ದುದರಿಂದ. ಅತ್ಯುತ್ತಮರನ್ನು ಆರಿಸಬೇಕಾದಾಗ ಹವ್ಯಾಸಿ ಲೋಕವೇ ಯಂತ್ರದ ಕಿವಿಯನ್ನು ಹೊರಗಿಟ್ಟಿತು ಎಂಬುದನ್ನು ದಯವಿಟ್ಟು ಗಮನಿಸಿ.

ಸಮಯ ಸರಿಯುತ್ತಿದೆ, ಉಳಿದ ವಿಷಯಗಳನ್ನು ಬೇಗ ಹೇಳುತ್ತೇನೆ. 599 ಎಂದರೆ ನಿಮ್ಮ ಸಂಕೇತ ಸ್ಪಷ್ಟ, ಪ್ರಬಲ, ಶುದ್ಧ ಎಂದು ಅರ್ಥ; ಕೇಳಿಸಿಯೂ ಕೇಳಿಸದಂತಿರುವವರಿಗೂ ಅದನ್ನೇ ಕೊಡುವುದು ಸುಳ್ಳಲ್ಲವೇ ಎಂದು ಅನೇಕರು ಕೇಳುತ್ತಾರೆ. ನನ್ನ ಆಕ್ಷೇಪಣೆ ಬೇರೆ. ಮೊದಲೇ ಗೊತ್ತಿರುವುದನ್ನು ಕಿವಿ ಕೇಳಬೇಕಾಗಿಲ್ಲ. ಭಾರತದ ಕೇಂದ್ರ 22 ಎಂದೇ ಕಳಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಸಂಪರ್ಕದಿಂದ ಸಂಪರ್ಕಕ್ಕೆ ಬದಲಾಗುವ ಕ್ರಮಸಂಖ್ಯೆಯನ್ನು ಕೊಡುವ ಸ್ಪರ್ಧೆಗಳು ಅದಕ್ಕಿಂತ ಮೇಲು. ಜರ್ಮನಿಯ ಸಂಘ ಆಗಸ್ಟ್ ತಿಂಗಳಲ್ಲಿ ನಡೆಸುವ ಡಬ್ಲ್ಯುಎಇ ಸ್ಪರ್ಧೆ ಇನ್ನೂ ಮೇಲು. ಅಲ್ಲಿ ಯುರೋಪಿನ ಹೊರಗಿರುವ ನಾವು, ನಮ್ಮ ಹಿಂದಿನ ಸಂಪರ್ಕಗಳ ಸಮಯ, ಕರೆ ಸಂಕೇತ, ಕ್ರಮಸಂಖ್ಯೆಗಳನ್ನು ಒಂದು ಯುರೋಪಿನ ಕೇಂದ್ರಕ್ಕೆ ಹತ್ತು ಸಾಲಿನವರೆಗೆ ಮೋರ್ಸಿನಲ್ಲಿ ಓದಿ ಹೇಳುತ್ತೇವೆ, ಅವರು ತಪ್ಪಿಲ್ಲದೆ ಬರೆದುಕೊಳ್ಳುತ್ತಾರೆ. ಅಂತರಜಾಲದ ಸುಳಿವುಗಳನ್ನು ಆ ಸ್ಪರ್ಧೆ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಈ ಹತ್ತು ಸಾಲುಗಳ ಸಲುವಾಗಿ ನಾನು ಅದನ್ನು ಮನ್ನಿಸುತ್ತೇನೆ, ಏಕೆಂದರೆ ಅವನ್ನು ಕಿವಿಯಿಂದಲೇ ಬರೆದುಕೊಳ್ಳಬೇಕು.

ಯಂತ್ರ ತಪ್ಪು ಓದುತ್ತದೆ ಎಂಬುದನ್ನೂ ಮರೆಯಬಾರದು. ಒಂದು ಚುಕ್ಕೆ ಹೆಚ್ಚು ಕಡಿಮೆಯಾದರೆ ಇಲ್ಲದ ಕೇಂದ್ರವೊಂದು ಪರದೆಯ ಮೇಲೆ ಹುಟ್ಟಿಕೊಳ್ಳುತ್ತದೆ. ಅದನ್ನು ಕೇಳದೆಯೇ ಬರೆದುಕೊಂಡವರು ಸಿಕ್ಯೂ ವರ್ಲ್ಡ್ ವೈಡ್‌ನಲ್ಲಿ ಆ ಸಂಪರ್ಕದ 3 ಅಂಕವನ್ನು ಕಳೆದುಕೊಳ್ಳುತ್ತಾರೆ, ಅದರ ಮೇಲೆ 6 ಅಂಕದ ದಂಡವನ್ನೂ ತೆರುತ್ತಾರೆ. ಇನ್ನು, ಸ್ಪರ್ಧೆಗಳು ಪಟ್ಟಿಗಳನ್ನೆಲ್ಲ ಆಕ್ರಮಿಸುತ್ತವೆ ಎಂಬ ದೂರಿಗೆ ಉತ್ತರ ಚಿಕ್ಕದು: 30, 17 ಮತ್ತು 12 ಮೀಟರ್ ಪಟ್ಟಿಗಳಲ್ಲಿ ಸ್ಪರ್ಧೆ ನಡೆಸುವುದಿಲ್ಲ, ಶಾಂತಿ ಬೇಕಾದವರಿಗೆ ಅವು ಸದಾ ತೆರೆದಿವೆ. ವೇಗದ ಬಗ್ಗೆಯೂ ಒಂದೇ ಮಾತು. ಕರೆದವರು ಯಾವ ವೇಗದಲ್ಲಿ ಕರೆದರೋ ಅದೇ ವೇಗದಲ್ಲಿ ಉತ್ತರಿಸಿ. ನಿಧಾನವಾಗಿ ಕರೆದ ಹೊಸಬರಿಗೆ 35 ಪದಗಳ ವೇಗದಲ್ಲಿ ಮಾರುತ್ತರ ಕೊಟ್ಟರೆ ಅವರು ಯಂತ್ರದ ಮೊರೆ ಹೋಗದೆ ಇನ್ನೇನು ಮಾಡಿಯಾರು?

ಕಲಿಯಬೇಕೆನ್ನುವವರಿಗೆ ಕೊನೆಯದಾಗಿ ಒಂದು ಸೂಚನೆ. ಸಿಡಬ್ಲ್ಯುಆಪ್ಸ್ ಎಂಬ ಅಂತಾರಾಷ್ಟ್ರೀಯ ಸಂಘ ವಾರಕ್ಕೆ ಹಲವು ಸಲ ಒಂದೊಂದು ಗಂಟೆಯ ಪುಟ್ಟ ಸ್ಪರ್ಧೆ ನಡೆಸುತ್ತದೆ. ಅದರಲ್ಲಿ ಒಂದು ನಮಗೆ ಬುಧವಾರ ಸಂಜೆ ಆರೂವರೆಗೆ ಬರುತ್ತದೆ. ಅಲ್ಲಿ ವಿನಿಮಯವಾಗುವುದು ಹೆಸರು ಮತ್ತು ಸದಸ್ಯತ್ವದ ಸಂಖ್ಯೆ. ಸದಸ್ಯರಲ್ಲದವರು ಹೆಸರಿನೊಡನೆ ತಮ್ಮ ದೇಶವನ್ನು ಹೇಳಿದರೆ ಸಾಕು. ಭಾಗವಹಿಸಲು ಪರವಾನಗಿ ಬೇಕು, ಕೇಳಲು ಪರವಾನಗಿ ಪಡೆದ ಗೆಳೆಯರೊಬ್ಬರ ಪಕ್ಕದಲ್ಲಿ ಕುಳಿತರೆ ಆದೀತು. 14 ಮೆಗಾಹರ್ಟ್ಸ್‌ನ ಕೆಳಭಾಗದಲ್ಲಿ ಹುಡುಕಿ, ಪರದೆಯನ್ನು ಆರಿಸಿ, ಒಂದೇ ಕೇಂದ್ರವನ್ನು ಹಿಡಿದು ಅದರ ಕರೆ ಸಂಕೇತ ಪೂರ್ತಿಯಾಗಿ ಸಿಗುವವರೆಗೆ ಅಲ್ಲಿಯೇ ಇರಿ. ಸಿಕ್ಕ ಮೇಲೆ ಮುಂದಿನ ಕೇಂದ್ರಕ್ಕೆ ಹೋಗಿ.

ನಮಸ್ಕಾರ.