ಐದಾರು ಜನ, ಒಂದು ಕಲ್ಲು

ನಮಸ್ಕಾರ ಎಲ್ಲರಿಗೂ. ಸ್ಕ್ರೀನ್ ಮೇಲೆ ಈಗ ಓಡ್ತಿರೋದು ನನ್ನ ಮಾಮೂಲಿ ಭಾನುವಾರ. ಬಟ್ಟೆ ಒಣಗಿಹಾಕೋದು, ಅಟ್ಟದಿಂದ ಹಳೇ ಡಬ್ಬ ಇಳಿಸೋದು, ಧೂಳಿಗೆ ಸೀನೋದು. ಅದು ಅದರ ಪಾಡಿಗೆ ಓಡ್ಲಿ. ನಾನು ಮಾತಾಡಬೇಕು ಅಂತಿರೋದು ಒಂದು ಕಲ್ಲಿನ ಬಗ್ಗೆ.

2010ರಲ್ಲಿ 'ದಿ ಲಾಸ್ಟ್ ಏರ್‌ಬೆಂಡರ್' ಅಂತ ಒಂದು ಹಾಲಿವುಡ್ ಸಿನಿಮಾ ಬಂತು. ಬಜೆಟ್ 15 ಕೋಟಿ ಡಾಲರ್. ಅದರಲ್ಲಿ ಒಂದು ಕಡೆ ಐದಾರು ಗಂಡಸರು ಸಾಲಾಗಿ ನಿಂತು, ಒಂದೇ ತಾಳಕ್ಕೆ ಕಾಲು ಬಡಿದು, ಕೈ ತಿರುಗಿಸಿ, ಮೈ ಬಗ್ಗಿಸಿ, ಮತ್ತೆ ಕಾಲು ಬಡಿದು... ಇಷ್ಟೆಲ್ಲ ಆದ ಮೇಲೆ ಒಂದು ಕಲ್ಲು ನಿಧಾನಕ್ಕೆ ತೇಲಿಕೊಂಡು ಬರುತ್ತೆ. ಬಂಡೆ ಅಲ್ಲ, ಕಲ್ಲು. ನಮ್ಮ ಕಡೆ ಜಾತ್ರೇಲಿ ಒಬ್ಬೊಬ್ಬರೇ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಹಾಕ್ತಾರಲ್ಲ, ಆ ಗುಂಡುಕಲ್ಲು ಇದಕ್ಕಿಂತ ದಪ್ಪ ಇರುತ್ತೆ.

ಈ ಸೀನಿಗೆ ವಕಾಲತ್ತು ವಹಿಸೋರೂ ಇದ್ದಾರೆ. ಕುಣಿದವರ ಕೆಲಸ ಬೇರೆ, ಕಲ್ಲು ಎತ್ತಿದ್ದು ಪಕ್ಕದಲ್ಲಿದ್ದ ಒಬ್ಬನೇ ಅಂತ ಫ್ರೇಮ್ ಫ್ರೇಮ್ ನಿಲ್ಲಿಸಿ ತೋರಿಸ್ತಾರೆ. ಇರಬಹುದು ಸ್ವಾಮಿ. ಆದರೆ ಥಿಯೇಟರ್‌ನಲ್ಲಿ ಕೂತೋನು ಸಿನಿಮಾ ನಿಲ್ಲಿಸಿ ಹಿಂದಕ್ಕೆ ಹಾಕಿ ನೋಡೋಕಾಗಲ್ಲ. ಅವನ ಕಣ್ಣಿಗೆ ಬಿದ್ದಿದ್ದು ಐದಾರು ಜನ, ಒಂದು ಕಲ್ಲು. ಅಷ್ಟೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಈ ಸಿನಿಮಾಗೆ ಮೂಲ ನಿಕಲೋಡಿಯನ್‌ನ ಕಾರ್ಟೂನ್ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. 2005ರಿಂದ 2008ರವರೆಗೆ ಮೂರು ಸೀಸನ್, 61 ಎಪಿಸೋಡ್. ಸೃಷ್ಟಿಕರ್ತರು ಮೈಕಲ್ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಜ್‌ಕೊ. ನೀರು, ಮಣ್ಣು, ಬೆಂಕಿ, ಗಾಳಿ ಅಂತ ನಾಲ್ಕು ಜನಾಂಗ. ಪ್ರತಿಯೊಂದರಲ್ಲೂ ತಮ್ಮ ತಮ್ಮ ತತ್ವವನ್ನ ಬೇಕಾದ ಹಾಗೆ ಆಡಿಸಬಲ್ಲ ಜನ. ಅದಕ್ಕೆ ಬೆಂಡಿಂಗ್ ಅಂತ ಹೆಸರು. ನಾಲ್ಕನ್ನೂ ಆಡಿಸಬಲ್ಲವನು ಅವತಾರ್ ಒಬ್ಬನೇ. ಆ ಅವತಾರ್ ಯಾರು ಅಂದ್ರೆ ಆಂಗ್ ಅನ್ನೋ ಹನ್ನೆರಡು ವರ್ಷದ ಹುಡುಗ, ನೂರು ವರ್ಷ ಮಂಜುಗಡ್ಡೆಯೊಳಗೆ ಇದ್ದು ಎದ್ದು ಬಂದೋನು. ಅಷ್ಟರಲ್ಲಿ ಬೆಂಕಿ ದೇಶ ಅರ್ಧ ಪ್ರಪಂಚ ನುಂಗಿ ಕೂತಿದೆ. ಅವನ ಗಾಳಿ ಜನಾಂಗದಲ್ಲಿ ಅವನನ್ನ ಬಿಟ್ಟು ಯಾರೂ ಉಳಿದಿಲ್ಲ.

ನಾನೂ ನಮ್ಮಕ್ಕನೂ ಇದನ್ನ ನೋಡಿದ್ದು ಕೇಬಲ್ ಟೀವೀಲಿ, ಹಿಂದು ಮುಂದಾಗಿ. ಇವತ್ತು ಮೊದಲ ಸೀಸನ್ ಆದ್ರೆ ನಾಳೆ ಮೂರನೇದು. ಕರೆಂಟ್ ಹೋದ್ರೆ ಕಥೇನೂ ಹೋಯ್ತು. ಬಿಟ್ಟುಹೋದ ಭಾಗಾನ ಅಕ್ಕ ತಾನೇ ಕಟ್ಟಿ ಹೇಳ್ತಿದ್ಲು. ಎಷ್ಟೋ ವರ್ಷ ಆದ್ಮೇಲೆ ಲ್ಯಾಪ್‌ಟಾಪ್‌ನಲ್ಲಿ ಸಾಲಾಗಿ ನೋಡಿದಾಗ ಗೊತ್ತಾಯ್ತು, ಅವಳು ಹೇಳಿದ್ದರಲ್ಲಿ ಅರ್ಧ ಅವಳದೇ ಕಥೆ.

ಸರಿ, ಆ ಕಲ್ಲಿನ ಸೀನಿಗೇ ಬರೋಣ, ಯಾಕಂದ್ರೆ ರೋಗ ಇರೋದು ಅಲ್ಲೇ. ಕಾರ್ಟೂನ್‌ನಲ್ಲಿ ಇದರ ಮೂಲ ಮೊದಲ ಸೀಸನ್‌ನ ಆರನೇ ಎಪಿಸೋಡ್. ಮಣ್ಣನ್ನ ಆಡಿಸೋ ಅರ್ತ್‌ಬೆಂಡರ್‌ಗಳನ್ನ ಬೆಂಕಿ ದೇಶದವರು ಹಿಡಿದು ಜೈಲಿಗೆ ಹಾಕಿರ್ತಾರೆ. ಎಲ್ಲಿದೆ ಜೈಲು? ನಡು ಸಮುದ್ರದಲ್ಲಿ. ಪೂರ್ತಿ ಲೋಹದ ಕಟ್ಟೆ. ಒಂದು ಹಿಡಿ ಮಣ್ಣಿಲ್ಲ, ಒಂದು ಹರಳು ಕಲ್ಲಿಲ್ಲ. ಅವರ ಕೈ ಕಟ್ಟಿಹಾಕಿರೋದು ಅದೇ. ಕಟಾರ ಅನ್ನೋ ಹುಡುಗಿ ಬೇಕಂತಲೇ ಸಿಕ್ಕಿಬಿದ್ದು ಒಳಗೆ ಹೋಗ್ತಾಳೆ, ಮೇಜಿನ ಮೇಲೆ ಹತ್ತಿ ನಿಂತು ಭಾಷಣ ಮಾಡ್ತಾಳೆ. ಏಳಿ, ಹೋರಾಡಿ ಅಂತ. ಆಮೇಲೆ ಏನಾಗುತ್ತೆ ಗೊತ್ತಾ? ಏನೂ ಆಗಲ್ಲ. ಜನ ತಲೆ ತಗ್ಗಿಸ್ಕೊಂಡು ಗಂಜಿ ಕುಡೀತಾರೆ. ಮಕ್ಕಳ ಕಾರ್ಟೂನ್‌ನಲ್ಲಿ ನಾಯಕಿ ಭಾಷಣ ನೆಲಕಚ್ಚೋದನ್ನ ನಾನು ಅದೇ ಮೊದಲು ನೋಡಿದ್ದು. ಆಮೇಲೆ ಒಲೆಗೆ ಅಂತ ಇಟ್ಟಿರೋ ಕಲ್ಲಿದ್ದಲನ್ನ ಗಾಳಿ ಕೊಳವೆಯಿಂದ ಮೇಲಕ್ಕೆ ಚಿಮ್ಮಿಸ್ತಾರೆ, ರಾಶಿ ಬಂದು ಕಾಲ ಬಳಿ ಬೀಳುತ್ತೆ. ಆಗಲೂ ಯಾರೂ ಮುಂದೆ ಬರಲ್ಲ! ಜೈಲಧಿಕಾರಿ ನಕ್ಕು ತಿರುಗಿದಾಗ ಅವನ ತಲೆಗೆ ಹಿಂದಿನಿಂದ ಒಂದು ಚೂರು ಇದ್ದಲು ಟಕ್ ಅಂತ ಬಡಿಯುತ್ತೆ. ಒಬ್ಬ ಹುಡುಗ ಎದ್ದಿರ್ತಾನೆ. ಅಲ್ಲಿಂದ ಶುರು.

ಸಿನಿಮಾದಲ್ಲಿ ಜೈಲು ಎಲ್ಲಿದೆ? ನೆಲದ ಮೇಲೆ! ಸುತ್ತ ಗುಡ್ಡ, ಕೆಳಗೆ ಮಣ್ಣು, ಎಲ್ಲಿ ನೋಡಿದ್ರೂ ಕಲ್ಲು. ಆಂಗ್ ಬಂದು, ನಿಮ್ಮ ಕಾಲ ಕೆಳಗೇ ಭೂಮಿ ಇದೆಯಲ್ರೋ ಅನ್ನೋ ಅರ್ಥದಲ್ಲಿ ನೆನಪು ಮಾಡ್ತಾನೆ. ಆಹಾ, ಹೌದಲ್ಲ ಅಂತ ಎಲ್ಲರೂ ಎದ್ದು ಹೊಡೆದಾಟಕ್ಕೆ ಇಳೀತಾರೆ. ಅಂದ್ರೆ ಅಷ್ಟು ದಿನ ಅವರು ಯಾಕೆ ಸುಮ್ಮನಿದ್ರು? ಕಾಲ ಕೆಳಗೆ ನೋಡೋಕೆ ಪುರುಸೊತ್ತಿರ್ಲಿಲ್ವಾ?

ಲೋಹದ ಜೈಲು ತೆಗೆದ್ರೆ ಆ ಜನರ ಅಸಹಾಯಕತೆ ಹೋಯ್ತು. ಅದು ಹೋದ್ರೆ ಅವರ ಭಯಕ್ಕೆ ಅರ್ಥ ಇಲ್ಲ, ಭಯಕ್ಕೆ ಅರ್ಥ ಇಲ್ಲ ಅಂದ್ರೆ ದಂಗೆಗೆ ಬೆಲೆ ಇಲ್ಲ. ಒಂದು ಮೊಳೆ ಕಿತ್ತಿದ್ದಕ್ಕೆ ಇಡೀ ಚಪ್ಪರ ಕುಸೀತು. ಹಾಗಂತ ದುಡ್ಡಿಗೇನೂ ಬರ ಇರ್ಲಿಲ್ಲ, ಗ್ರಾಫಿಕ್ಸ್ ಬರದೆ ಅಲ್ಲ. ಆ ಎಪಿಸೋಡ್ ಯಾಕೆ ಹಾಗಿತ್ತು ಅಂತ ಯಾರೂ ಕೇಳ್ಕೊಂಡ ಹಾಗೆ ಕಾಣಲ್ಲ.

ಬೆಂಕಿಯದ್ದೂ ಇದೇ ಕಥೆ. ಕಾರ್ಟೂನ್‌ನಲ್ಲಿ ಬೆಂಕಿ ದೇಶದವರಿಗೆ ಬೆಂಕಿ ಉಸಿರಿನಿಂದ ಹುಟ್ಟುತ್ತೆ. ಉಳಿದವರಿಗೆ ನೀರು ಬೇಕು, ಮಣ್ಣು ಬೇಕು, ಇವರಿಗೆ ಏನೂ ಬೇಡ. ಜಗತ್ತು ಗೆದ್ದಿದ್ದು ಹೇಗೆ ಅಂತ ಬಿಡಿಸಿ ಹೇಳೋದೇ ಬೇಕಿಲ್ಲ. ಸಿನಿಮಾದಲ್ಲಿ ಅವರು ಪಕ್ಕದಲ್ಲಿ ಉರೀತಿರೋ ಬೆಂಕಿಯಿಂದಲೇ ತಗೋಬೇಕು. ಒಂದು ಬಕೆಟ್ ನೀರು ಹುಯ್ದ್ರೆ ಸಾಮ್ರಾಜ್ಯ ಖತಂ.

ಇನ್ನು ಹೊಡೆದಾಟ. ಕಾರ್ಟೂನ್ ಮಾಡಿದವರು ನಾಲ್ಕು ತತ್ವಕ್ಕೂ ನಾಲ್ಕು ಚೀನೀ ಸಮರಕಲೆ ಇಟ್ಕೊಂಡಿದ್ರು. ನೀರಿಗೆ ತಾಯ್ ಚಿ, ಮಣ್ಣಿಗೆ ಹುಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗುವಾ. ಸಿಫು ಕಿಸು ಅನ್ನೋ ಸಮರಕಲಾ ಗುರು ಸಲಹೆಗಾರರಾಗಿದ್ರು. ಹಾಗಾಗಿ ಒಂದು ಏಟಿಗೆ ಒಂದು ಫಲ. ಕಾಲು ಊರಿದ್ರೆ ಗೋಡೆ ಏಳುತ್ತೆ, ಮುಷ್ಟಿ ನೂಕಿದ್ರೆ ಬಂಡೆ ಹಾರುತ್ತೆ. ಮಾತು ಅರ್ಥ ಆಗದೇ ಇದ್ದ ಎಪಿಸೋಡ್‌ನಲ್ಲೂ ನಮಗೆ ಯಾರು ಏನು ಮಾಡಿದ್ರು ಅಂತ ಗೊತ್ತಾಗ್ತಿತ್ತು. ಸಿನಿಮಾದಲ್ಲಿ ಅರ್ಧ ನಿಮಿಷ ಕವಾಯತು, ಆಮೇಲೆ ಒಂದು ಪುಸಕ್.

ಮೊದಲ ಸೀಸನ್ 20 ಎಪಿಸೋಡ್, ಏಳು ಗಂಟೆ ದಾಟುತ್ತೆ. ಸಿನಿಮಾ 103 ನಿಮಿಷ. ಕತ್ತರಿಸಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಏನನ್ನ ಕತ್ತರಿಸಿದ್ರು ಅನ್ನೋದೇ ತಕರಾರು. ತಮಾಷೆ ಹೋಯ್ತು. ಕಾರ್ಟೂನ್‌ನಲ್ಲಿ ಆಂಗ್ ಎದ್ದ ತಕ್ಷಣ ಕಟಾರಾಗೆ ಕೇಳೋ ಮೊದಲ ದೊಡ್ಡ ವಿಷಯ, ನನ್ ಜೊತೆ ಪೆಂಗ್ವಿನ್ ಮೇಲೆ ಜಾರೋಕೆ ಬರ್ತೀಯಾ ಅಂತ. ಪ್ರಪಂಚ ಉಳಿಸಬೇಕಾದೋನು ಪೆಂಗ್ವಿನ್ ಹಿಂದೆ ಓಡ್ತಾನೆ. ಸಿನಿಮಾದ ಆಂಗ್ ಶುರುವಿಂದ ಕೊನೆವರೆಗೂ ಪರೀಕ್ಷೆ ಫೇಲಾದ ಮುಖ ಹೊತ್ಕೊಂಡಿರ್ತಾನೆ. ಹುಡುಗನ ತಪ್ಪಲ್ಲ ಬಿಡಿ, ಅವನ ಕೈಗೆ ಕೊಟ್ಟ ಡೈಲಾಗೇ ಹಾಗಿತ್ತು.

ಕಟಾರಳ ಅಣ್ಣ ಸೊಕ್ಕ ಮತ್ತು ರಾಜಕುಮಾರಿ ಯುಯೆ ಪ್ರೀತಿ ಇದೆಯಲ್ಲ, ಕಾರ್ಟೂನ್‌ನಲ್ಲಿ ಅದು ಕರುಳು ಹಿಂಡುತ್ತೆ. ಸಿನಿಮಾದಲ್ಲಿ ಅವರಿಬ್ಬರೂ ನೋಡ್ತಿದ್ದ ಹಾಗೇ ಸ್ನೇಹಿತರಾದ್ರು ಅಂತ ಕಟಾರ ಹಿನ್ನೆಲೆ ದನಿಯಲ್ಲಿ ಒಂದು ಸಾಲು ಹೇಳಿ ಕೈ ತೊಳ್ಕೋತಾಳೆ. ತೋರಿಸೋದನ್ನ ಬಿಟ್ಟು ವಾಯ್ಸ್ ಓವರ್‌ನಲ್ಲಿ ಹೇಳೋದು ಸೋಮಾರಿತನ. (ಹೌದು, ನಾನು ಇದನ್ನ ವಾಯ್ಸ್ ಓವರ್‌ನಲ್ಲೇ ಹೇಳ್ತಿದ್ದೀನಿ. ನನ್ನ ಬಜೆಟ್ 15 ಕೋಟಿ ಡಾಲರ್ ಅಲ್ಲ.)

ಮುಖಗಳ ವಿಷಯ. ಇದು ನಮಗೆ ಬೇರೆ ಥರ ತಾಗಿದ್ದು. ಕಾರ್ಟೂನ್‌ನ ಲೋಕ ಪೂರ್ತಿ ಏಷ್ಯಾ ಮತ್ತು ಉತ್ತರಧ್ರುವದ ಇನ್ಯುಯಿಟ್ ಜನರಿಂದ ಎರವಲು ತಂದಿದ್ದು. ಎರಡನೇ ಸೀಸನ್ ಕೊನೆಗೆ ಒಬ್ಬ ಗುರು ಬಂದು ಆಂಗ್‌ಗೆ ಚಕ್ರಗಳ ಪಾಠ ಮಾಡ್ತಾನೆ. ಸಿನಿಮಾಗೆ ಆಂಗ್, ಕಟಾರ, ಸೊಕ್ಕ ಮೂವರಿಗೂ ಬಿಳಿ ಮಕ್ಕಳನ್ನ ಹಾಕಿದ್ರು. ಕಟಾರಳ ಹಳ್ಳಿಯ ಹಿಂಬದಿಯ ಜನ ಇನ್ಯುಯಿಟ್ ಥರ, ಮುಂದೆ ನಿಂತ ಅಣ್ಣ ತಂಗಿ ಮಾತ್ರ ಬಿಳಿ. ಅಮೆರಿಕದಲ್ಲಿ ಅಭಿಮಾನಿಗಳು ಸಿನಿಮಾ ಬರೋಕೆ ಮುಂಚೇನೇ ಪ್ರತಿಭಟನೆ ಶುರು ಮಾಡಿದ್ರು. ಬೆಂಕಿ ದೇಶದ ರಾಜಕುಮಾರ ಝುಕೊ ಪಾತ್ರಕ್ಕೂ ಮೊದಲು ಆರಿಸಿದ್ದು ಒಬ್ಬ ಬಿಳಿ ಗಾಯಕನನ್ನ. ಆಮೇಲೆ ಅದು ದೇವ್ ಪಟೇಲ್‌ಗೆ ಬಂತು, ಅವರ ಸುತ್ತ ಬೆಂಕಿ ದೇಶಾನೂ ಕಂದು ಬಣ್ಣಕ್ಕೆ ತಿರುಗ್ತು. ಸೇನಾಧಿಪತಿ ಝಾವೊ ಆಗಿ ಮುಂಬೈಯಲ್ಲಿ ಹುಟ್ಟಿದ ಆಸಿಫ್ ಮಾಂಡ್ವಿ. ನಿರ್ದೇಶಕ ಎಂ. ನೈಟ್ ಶ್ಯಾಮಲನ್, ಹುಟ್ಟಿದ್ದು ಕೇರಳದ ಮಗ್ಗುಲಲ್ಲಿರೋ ಮಾಹೆಯಲ್ಲಿ. ನನ್ನ ಚಿತ್ರದಲ್ಲಿ ಎಲ್ಲ ಬಣ್ಣದವರೂ ಇದ್ದಾರೆ ಅನ್ನೋ ಧಾಟಿಯಲ್ಲಿ ಅವರು ಸಮರ್ಥಿಸ್ಕೊಂಡ್ರು. ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಕತ್ತಲಲ್ಲಿ ತ್ರೀಡಿ ಕನ್ನಡಕ ಹಾಕ್ಕೊಂಡು ಕೂತ ನನಗೆ ಕಂಡಿದ್ದು ಇಷ್ಟು: ನಮ್ಮ ಬಣ್ಣದವರೆಲ್ಲ ಊರು ಸುಡೋಕೆ ಬಂದೋರು, ಉಳಿಸೋರು ಮಾತ್ರ ಬಿಳಿಯರು. ಪಕ್ಕದಲ್ಲಿ ಅಕ್ಕ, "ನೋಡೋ, ಆ ಕಡೆ ಪೂರ್ತಿ ನಮ್ ನೆಂಟ್ರೇ" ಅಂದ್ಲು. ಇಬ್ಬರೂ ನಕ್ಕುಬಿಟ್ವಿ.

ಸಿನಿಮಾ ದುಡ್ಡು ಮಾಡ್ಲಿಲ್ಲ ಅಂತೇನಿಲ್ಲ, ಪ್ರಪಂಚಾದ್ಯಂತ ಸುಮಾರು 32 ಕೋಟಿ ಡಾಲರ್ ಬಂತು. ಆದ್ರೂ ಮೂರು ಭಾಗ ಅಂದ್ಕೊಂಡಿದ್ದು ಒಂದಕ್ಕೇ ನಿಲ್ತು. ವರ್ಷದ ಅತಿ ಕೆಟ್ಟ ಚಿತ್ರ ಅಂತ ರಾಝಿ ಅನ್ನೋ ಅಣಕು ಪ್ರಶಸ್ತಿ ಕೂಡ ಬಂತು. ಜೇಮ್ಸ್ ನ್ಯೂಟನ್ ಹೋವರ್ಡ್ ಕೊಟ್ಟ ಸಂಗೀತ ಮಾತ್ರ ಇವತ್ತಿಗೂ ಕೇಳ್ತೀನಿ, ಅದನ್ನ ಬೈಯೋಕೆ ಮನಸ್ಸು ಬರಲ್ಲ.

ಆಮೇಲೆ 2024ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ತನ್ನ ಸರಣಿ ತಂತು. ಎಂಟು ಎಪಿಸೋಡ್. ಮೂಲ ಸೃಷ್ಟಿಕರ್ತರಿಬ್ಬರೂ ಶುರುವಲ್ಲಿ ಜೊತೆಗಿದ್ರು, 2020ರಲ್ಲಿ ಹೊರಗೆ ಬಂದ್ರು. ಆ ಸುದ್ದಿ ಬಂದಾಗಲೇ ಅಕ್ಕ ಫೋನ್ ಮಾಡಿ, "ಹೋಯ್ತು ಬಿಡು ಇದೂ" ಅಂದಿದ್ಲು. ಪೂರ್ತಿ ಹೋಗ್ಲಿಲ್ಲ. ಈ ಸಲ ಏಷ್ಯಾ ಮೂಲದ, ಅಮೆರಿಕದ ಮೂಲನಿವಾಸಿ ಕಲಾವಿದರನ್ನೇ ಹುಡುಕಿದ್ರು. ಬೆಂಕಿ ಬೆಂಕಿ ಥರಾನೇ ಉರಿಯುತ್ತೆ, ಬಂಡೆ ಬಂಡೆ ಥರಾನೇ ಬೀಳುತ್ತೆ. ಆದರೆ ಪಾತ್ರಗಳು ಮನಸ್ಸಲ್ಲಿರೋದನ್ನೆಲ್ಲ ಬಾಯಿ ಬಿಟ್ಟು ಒಪ್ಪಿಸ್ತಾವೆ. ಕಟಾರಳ ಅಜ್ಜಿ ಬಂದವಳೇ ಕಾರ್ಟೂನ್‌ನ ಪ್ರತಿ ಎಪಿಸೋಡ್ ಶುರುವಲ್ಲಿ ಬರ್ತಿದ್ದ ಪೀಠಿಕೇನ ಬಾಯಿಪಾಠ ಹೇಳ್ತಾಳೆ. ಅಭಿಮಾನಿ ಚಪ್ಪಾಳೆ ತಟ್ಟಲಿ ಅಂತ. ನಾನು ತಟ್ಟಲಿಲ್ಲ.

ಅದಕ್ಕಿಂತ ನನಗೆ ಚುಚ್ಚಿದ್ದು ಇನ್ನೊಂದು. ಕಾರ್ಟೂನ್‌ನಲ್ಲಿ ಆಂಗ್ ಓಡಿಹೋಗ್ತಾನೆ. ಪ್ರೀತಿಯ ಗುರು ಗ್ಯಾಟ್ಸೊ ಜೊತೆಯಿಂದ ತನ್ನನ್ನ ಬೇರೆ ಮಾಡ್ತಾರೆ ಅಂತ ಕದ್ದು ಕೇಳಿಸ್ಕೊಂಡು, ರಾತ್ರೋರಾತ್ರಿ ಮಠ ಬಿಟ್ಟು ಓಡ್ತಾನೆ. ಅವನಿಲ್ಲದ ಹೊತ್ತಲ್ಲಿ ಅವನ ಜನ ಸತ್ತರು. ಮೂರು ಸೀಸನ್ ಪೂರ್ತಿ ಆ ಮಗು ಹೊತ್ತು ತಿರುಗೋ ಭಾರ ಅದು. ನೆಟ್‌ಫ್ಲಿಕ್ಸ್‌ನಲ್ಲಿ ಅವನು ಮನಸ್ಸು ಹಗುರ ಮಾಡ್ಕೊಳ್ಳೋಕೆ ಸುಮ್ಮನೆ ಒಂದು ರೌಂಡ್ ಹೋಗಿ ಬರ್ತೀನಿ ಅಂತ ಹೊರಡ್ತಾನೆ, ಬಿರುಗಾಳಿಗೆ ಸಿಕ್ಕಿಬೀಳ್ತಾನೆ. ಅವನ ತಪ್ಪೇ ಇಲ್ಲ. ಹೀರೋಗೆ ಮಸಿ ತಾಗದ ಹಾಗೆ ನೋಡ್ಕೊಂಡ್ರು, ಒಳಗಿದ್ದ ಹುಡುಗನ್ನ ಬಿಟ್ಟುಬಿಟ್ರು.

ಅಕ್ಕನ ಮಗ ಮೊದಲು ನೋಡಿದ್ದು ನೆಟ್‌ಫ್ಲಿಕ್ಸ್‌ದು. ಆಮೇಲೆ ನಾನು ಕಾರ್ಟೂನ್ ಹಾಕ್ಕೊಟ್ಟೆ. ಓಡಿಹೋಗೋ ಎಪಿಸೋಡ್ ಬಂದಾಗ ಚಕ್ಕುಲಿ ತಿನ್ನೋದು ನಿಲ್ಲಿಸಿ, "ಮಾಮ, ಹಂಗಾದ್ರೆ ಎಲ್ಲಾ ಅವ್ನಿಂದಾನೇ ಆಗಿದ್ದಾ?" ಅಂತ ಕೇಳ್ದ. "ನಿಂಗೇನನ್ಸುತ್ತೆ?" ಅಂದೆ. "ಅವ್ನಿದ್ದಿದ್ರೆ ಅವ್ನೂ ಸಾಯ್ತಿದ್ದ" ಅಂದ. ಒಂದು ನಿಮಿಷ ಬಿಟ್ಟು, "ಆದ್ರೂ ಹೇಳಿ ಹೋಗ್ಬೇಕಿತ್ತು" ಅಂದ. ನೆಟ್‌ಫ್ಲಿಕ್ಸ್ ನೋಡಿದಾಗ ಅವನಿಗೆ ಈ ಪ್ರಶ್ನೆ ಹುಟ್ಟೇ ಇರ್ಲಿಲ್ಲ.

ಹಾಗಂತ ಅವನು ನನ್ನ ಪಕ್ಷ ಸೇರಿಲ್ಲ. ಝುಕೊ ವಿಚಾರದಲ್ಲಿ ನೆಟ್‌ಫ್ಲಿಕ್ಸ್‌ದೇ ಮೇಲು ಅಂತ ವಾದ ಮಾಡ್ತಾನೆ. 41ನೇ ತುಕಡಿ ಸೀನ್ ಅದು. ಹೊಸ ಸೈನಿಕರ ಒಂದು ತುಕಡೀನ ಬಲಿ ಕೊಡೋ ಯೋಜನೆ ವಿರುದ್ಧ ಝುಕೊ ಸಭೇಲಿ ಬಾಯಿ ತೆಗೆದಿರ್ತಾನೆ, ಅದಕ್ಕೇ ಅಪ್ಪ ಅವನ ಮುಖ ಸುಟ್ಟು ದೇಶದಿಂದ ಓಡಿಸಿರೋದು. ಇಷ್ಟು ಕಾರ್ಟೂನ್‌ನಲ್ಲೂ ಇದೆ. ನೆಟ್‌ಫ್ಲಿಕ್ಸ್ ಸೇರಿಸಿದ್ದು ಏನಂದ್ರೆ, ದಿನಾ ಅವನನ್ನ ಬೈಕೊಂಡು ಹಡಗು ನಡೆಸ್ತಿರೋ ಆ ನಾವಿಕರೇ 41ನೇ ತುಕಡಿ. ಅದು ಗೊತ್ತಾದ್ಮೇಲೆ ಝುಕೊ ಹಡಗಿಗೆ ಬಂದಾಗ ಎಲ್ಲರೂ ಎದ್ದು ಸಾಲಾಗಿ ನಿಲ್ತಾರೆ. ಒಂದು ಮಾತಿಲ್ಲ. ಇಲ್ಲಿ ನಾನು ಸೋತೆ ಅಂತ ಅವನಿಗೂ ಗೊತ್ತು.

ಎರಡು, ಮೂರನೇ ಸೀಸನ್ ಮಾಡ್ತೀವಿ ಅಂತ ಆ ವರ್ಷವೇ ಹೇಳಿದ್ರು. ನನ್ನ ತಲೇಲಿ ಓಡ್ತಿರೋದು ಕಾರ್ಟೂನ್‌ನ ಎರಡನೇ ಸೀಸನ್‌ನಲ್ಲಿ ಬರೋ ಟಾಫ್. ಕಣ್ಣು ಕಾಣದ, ಹನ್ನೆರಡು ವರ್ಷದ, ಯಾರ ಮಾತೂ ಕೇಳದ ಅರ್ತ್‌ಬೆಂಡರ್ ಹುಡುಗಿ. ಬೆಳಗ್ಗೆ ಎದ್ದಾಗ ಮೈ ತುಂಬ ಮಣ್ಣು. ಅದು ಕೊಳೆ ಅಲ್ಲ, ಆರೋಗ್ಯಕ್ಕೆ ಒಳ್ಳೇದು ಅಂತ ವಾದ ಬೇರೆ. ಸೊಕ್ಕನ ಒರಟುತನವನ್ನ ಮೊದಲ ಸೀಸನ್‌ನಲ್ಲಿ ಉಜ್ಜಿ ತೊಳೆದೋರು ಇವಳನ್ನ ಬಿಡ್ತಾರಾ ಅನ್ನೋದು ನನ್ನ ಅನುಮಾನ. ಖಂಡಿತ ಸ್ನಾನ ಮಾಡಿಸ್ತಾರೆ ಅಂತ ಅಕ್ಕ ನನ್ನ ಹತ್ರ ಒಂದು ಬಿರಿಯಾನಿ ಬೆಟ್ ಕಟ್ಟಿದ್ದಾಳೆ. ಅಕ್ಕನ ಮಗನಿಗೆ ಟಾಫ್ ಯಾರು ಅಂತಾನೇ ಇನ್ನೂ ಗೊತ್ತಿಲ್ಲ, ದಯವಿಟ್ಟು ಯಾರೂ ಕಾಮೆಂಟ್‌ನಲ್ಲಿ ಕಥೆ ಹೇಳಬೇಡಿ, ಅವನು ಎಲ್ಲಾ ಓದ್ತಾನೆ.