ನಾಲ್ಕು ದಿನದ ನಡಿಗೆಗೆ ಹದಿನೆಂಟು ದಿನದ ರಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಪರಿಚಯದ ಹುಡುಗನೊಬ್ಬ ಎದುರಿಗೆ ಬಂದು ಕೂತ. "ಸರ್, ನೀವು ಸ್ಪಿತಿಗೆ ಹೋಗಿ ಬಂದಿದೀರಂತೆ. ನಾವು ಐದು ಜನ ಹೊರಟಿದೀವಿ" ಅಂದ. ಸ್ಪಿತಿ ಅಂದರೆ ಹಿಮಾಚಲ ಪ್ರದೇಶದಲ್ಲಿ, ಹಿಮಾಲಯದ ಎತ್ತರದಲ್ಲಿರುವ ಒಂದು ಕಣಿವೆ ಸೀಮೆ. ಜೇಬಿನಿಂದ ಒಂದು ಹಳೇ ಬಿಲ್ಲು ತೆಗೆದು ಅದರ ಹಿಂದೆ ಬರೆದಿದ್ದ ಪ್ಲಾನ್ ತೋರಿಸಿದ. ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ, ನಡುವೆ ನಾಲ್ಕು ದಿನ ನಡಿಗೆ. ಒಟ್ಟು ಎಂಟು. "ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಒಂದೇ ಏಟಿಗೆ ಹತ್ತಿದೀವಿ ಸರ್. ಎತ್ತಿನಭುಜ ಆಯ್ತು, ಬಲ್ಲಾಳರಾಯನದುರ್ಗ ಆಯ್ತು. ಇದೇನು ಮಹಾ?"

ನನಗೆ ನಗು ಬರಲಿಲ್ಲ. ಕೆಲವು ವರ್ಷದ ಹಿಂದೆ ನಾನೂ ಇಂಥದ್ದೇ ಚೀಟಿ ಬರೆದವನು.

ಮುಳ್ಳಯ್ಯನಗಿರಿ ಕರ್ನಾಟಕಕ್ಕೇ ಎತ್ತರದ ಬೆಟ್ಟ. ಅದರ ನೆತ್ತಿ ಸುಮಾರು 1,930 ಮೀಟರ್. ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ನಮ್ಮ ನಾಡಿನಲ್ಲಿ ಎಷ್ಟೇ ಬೆಟ್ಟ ಹತ್ತಿದರೂ ಆ ಪರೀಕ್ಷೆಗೆ ನಾವು ಕೂತೇ ಇಲ್ಲ. ಸ್ಪಿತಿಯ ಮುಖ್ಯ ಊರು ಕಾಜಾ 3,650 ಮೀಟರ್ ಆಸುಪಾಸಿನಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿನಷ್ಟು. ನಾವು ನಡೆಯಬೇಕಾದ ಹಳ್ಳಿಗಳು ಅದಕ್ಕಿಂತಲೂ ಮೇಲೆ. ಲಾಂಗ್ಝಾ 4,400. ಕೋಮಿಕ್ 4,587. ಆಮೇಲೆ ಡೆಮುಲ್, ಲಾಲುಂಗ್, ಕೊನೆಗೆ ಧಂಕರ್. ಹಳ್ಳಿಯಿಂದ ಹಳ್ಳಿಗೆ ನಡೆದು, ಜನರ ಮನೆಯಲ್ಲೇ ಉಂಡು ಮಲಗುವ ದಾರಿ ಇದು. ಡೇರೆ ಬೇಡ. ಹಾಗಂತ ಸುಲಭ ಅಂದುಕೊಳ್ಳಬೇಡಿ.

ಮೊದಲ ಸಲ ನಾವು ಮೂವರು ಹೋಗಿದ್ದೆವು. ಮನಾಲಿಯಿಂದ ಬೆಳಗಿನ ಜಾವ ಜೀಪು ಹತ್ತಿ, ಕುಂಜುಮ್ ಘಾಟಿ ದಾಟಿ, ಸಂಜೆಗೆ ಕಾಜಾ. ಮನಾಲಿ ಎರಡು ಸಾವಿರ ಮೀಟರ್ ಚಿಲ್ಲರೆ. ಒಂದೇ ದಿನಕ್ಕೆ ಸಾವಿರದೈನೂರು ಮೀಟರ್ ಮೇಲೆ ಹೋಗಿ ಮಲಗಿದೆವು. ನಮ್ಮಲ್ಲಿ ಗಟ್ಟಿಗ ಅಂದರೆ ಮೂಡಿಗೆರೆ ಕಡೆಯ ಗೆಳೆಯ. ಕಾಫಿ ತೋಟದಲ್ಲಿ ಐವತ್ತು ಕೆಜಿ ಮೂಟೆಯನ್ನು ಹೆಗಲಿಗೆ ಹಾಕಿಕೊಂಡು ದಿಣ್ಣೆ ಹತ್ತುವವನು. ರಾತ್ರಿ ಅವನಿಗೆ ತಲೆನೋವು. "ಏನಿಲ್ಲ ಕಣೋ. ಎರಡು ದಿನದಿಂದ ನೆಟ್ಟಗೆ ಕಾಫಿ ಬಿದ್ದಿಲ್ಲ, ಅದಕ್ಕೇ" ಅಂದ. ನಾವೂ ನಂಬಿದೆವು. ಚಿಕ್ಕಮಗಳೂರಿನವರಿಗೆ ಈ ಮಾತು ನಂಬುವುದು ಕಷ್ಟವಲ್ಲ, ಅಲ್ವಾ?

ಮಾರನೇ ದಿನ ಲಾಂಗ್ಝಾಕ್ಕೆ ಹೋದೆವು. ಅವನು ಊಟ ಮುಟ್ಟಲಿಲ್ಲ. ಎರಡು ಸಲ ವಾಂತಿ ಮಾಡಿದ. ಆಗಲೂ ನಿನ್ನೆಯ ಪರೋಟದ ಮೇಲೆ ಹೇಳಿದ. ರಾತ್ರಿ ಎಂಟು ಗಂಟೆಗೆ ಆ ಮನೆಯ ಯಜಮಾನರು ಅವನ ಮುಖ ನೋಡಿ, ಏನೂ ಹೇಳದೆ, ಟಾರ್ಚ್ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದರು. ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದರು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ ಗೆರೆಯ ಮೇಲೆ ನಡಿ ಅಂತ ಕೈಸನ್ನೆ ಮಾಡಿದರು. ನಮ್ಮ ಗಟ್ಟಿಗ ನಾಲ್ಕನೇ ಹೆಜ್ಜೆಗೆ ವಾಲಿ, ಗೋಡೆ ಹಿಡಿದುಕೊಂಡ. ಕುಡಿದವನ ಹಾಗೆ. ಯಜಮಾನರು ಹಿಂದಿಯಲ್ಲಿ ಹೇಳಿದ್ದು ಒಂದೇ ಮಾತು, "ನೀಚೆ." ಕೆಳಗೆ. ಈಗಲೇ.

ಅರ್ಧ ಗಂಟೆಯಲ್ಲಿ ಊರಿನ ಜೀಪು ಸಿಕ್ಕಿತು. ಕಾಜಾದಲ್ಲಿ ಆಮ್ಲಜನಕ ಕೊಟ್ಟರು. ಬೆಳಗ್ಗೆ ಇನ್ನೂ ಕೆಳಗೆ, ತಾಬೊ ಊರಿಗೆ ಇಳಿಸಿದೆವು. ಅವನ ಜೀವ ಉಳಿಯಿತು. ನಡಿಗೆ ಅಲ್ಲಿಗೇ ಮುಗಿಯಿತು.

ನಡೆಯುವಾಗ ತೂರಾಡಿದರೆ ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ನೀರು ಶ್ವಾಸಕೋಶದಲ್ಲಿದೆ. ಎರಡಕ್ಕೂ ಮೊದಲ ಮದ್ದು ಕೆಳಗೆ ಇಳಿಸುವುದು. ರಾತ್ರಿ ಕಳೆಯಲಿ, ಬೆಳಗ್ಗೆ ನೋಡೋಣ ಅನ್ನಬಾರದು. ಡಯಾಮಾಕ್ಸ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ದೇಹ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ ನಿಜ. ಆದರೆ ಸಲ್ಫಾ ಔಷಧಿ ಒಗ್ಗದವರಿಗೆ ಅಪಾಯ ಆಗಬಹುದು. ಹೊರಡುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಕೇಳಿ, ಮೆಡಿಕಲ್ ಸ್ಟೋರಿನವರ ಹತ್ತಿರ ಅಲ್ಲ. ಇನ್ನು ಕಾಫಿ ವಿಷಯ. ಕಾಫಿ ಬಿಟ್ಟರೆ ತಲೆನೋವು ಬರುವುದು ಸುಳ್ಳಲ್ಲ. ಅದಕ್ಕೇ ಈಗ ನಾನು ಪುಡಿ, ಸಣ್ಣ ಫಿಲ್ಟರ್ ಎರಡನ್ನೂ ಒಯ್ಯುತ್ತೇನೆ. ತಲೆನೋವಿಗೆ ಕಾಫಿ ಅನ್ನುವ ನೆಪ ಯಾರಿಗೂ ಉಳಿಯಬಾರದು.

ಈಗ ಆ ಹುಡುಗನ ಚೀಟಿಗೆ ಬರೋಣ. ನಾನು ಅದನ್ನು ತಿರುಗಿಸಿ ಬರೆದುಕೊಟ್ಟೆ. ಮೂರು ಸಾವಿರ ಮೀಟರ್ ಮೇಲೆ ಹೋದಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಜಾಸ್ತಿ ಎತ್ತರ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರುವುದೇ ಬೇಡ. ಇದಿಷ್ಟು ಲೆಕ್ಕ. ಇದಕ್ಕೆ ಹತ್ತಿರವಾಗುವ ದಾರಿ ಮನಾಲಿಯದಲ್ಲ, ಶಿಮ್ಲಾದ್ದು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿ ಕಡೆಯಿಂದ ಇನ್ನೂ ಬೇಗ ಮುಟ್ಟಬಹುದು. ಬೇಗ ಮುಟ್ಟುವುದೇ ಇಲ್ಲಿ ತೊಂದರೆ.

ಶಿಮ್ಲಾದಲ್ಲಿ ಒಂದು ರಾತ್ರಿ. ಆಮೇಲೆ ಸಟ್ಲೆಜ್ ನದಿಯ ದಂಡೆ ಹಿಡಿದು ಕಿನ್ನೌರಿನ ಕಲ್ಪಾ. ಖಾಬ್ ಅನ್ನುವಲ್ಲಿ ಸ್ಪಿತಿ ನದಿ ಸಟ್ಲೆಜ್ ಸೇರುತ್ತದೆ. ಅಲ್ಲಿಂದ ಮೇಲೇರಿ ನಾಕೊ, ಕಲ್ಪಾದಿಂದ ಈ ಏರಿಕೆ 500 ದಾಟುತ್ತದೆ. ಮರುದಿನ ತಾಬೊ. ತಾಬೊದ ಮಣ್ಣಿನ ಗೋಡೆಯ ಬೌದ್ಧ ವಿಹಾರ ಕಟ್ಟಿದ್ದು 996ರಲ್ಲಿ. ನಮ್ಮ ಬೇಲೂರಿನ ಚೆನ್ನಕೇಶವ 1117ರವನು. ಅಂದರೆ ಆ ಮಣ್ಣಿನ ಗೋಡೆ ನಮ್ಮ ಕಲ್ಲಿನ ದೇವಸ್ಥಾನಕ್ಕಿಂತ 121 ವರ್ಷ ಹಿರಿದು. ಮಳೆ ಕಡಿಮೆ ಇರುವ ಸೀಮೆ, ಅದಕ್ಕೇ ನಿಂತಿದೆ.

ಆಮೇಲೆ ಕಾಜಾದಲ್ಲಿ ಎರಡು ರಾತ್ರಿ. ನಡುವಿನ ಹಗಲು ಕೀ ವಿಹಾರಕ್ಕೆ ಹೋಗಿ, 4,166 ಮೀಟರಿನಲ್ಲಿ ಒಂದೆರಡು ಗಂಟೆ ಅಡ್ಡಾಡಿ, ಮಲಗಲು ಮತ್ತೆ ಕಾಜಾ. ಹಗಲು ಮೇಲೆ, ರಾತ್ರಿ ಕೆಳಗೆ. ಕಾಜಾದಿಂದ ಲಾಂಗ್ಝಾಕ್ಕೂ ಏರಿಕೆ 500ಕ್ಕಿಂತ ಜಾಸ್ತಿಯೇ ಆಗುತ್ತದೆ. ನಡುವೆ ಉಳಿಯಲು ಅನುಕೂಲ ಇಲ್ಲದ ಕಾರಣ ಲಾಂಗ್ಝಾದಲ್ಲೂ ಎರಡು ರಾತ್ರಿ ಇರಬೇಕು. ಬೇಜಾರಾಗುವುದಿಲ್ಲ ಬಿಡಿ. ಊರಿನ ನೆತ್ತಿಯ ಮೇಲೆ 6,303 ಮೀಟರಿನ ಚಾವ್ ಚಾವ್ ಕಾಂಗ್ ನಿಲ್ಡಾ ಶಿಖರ ಇದೆ. ಕಾಲಡಿಯಲ್ಲಿ ಸಮುದ್ರದ ಜೀವಿಗಳ ಕಲ್ಲಾದ ಚಿಪ್ಪುಗಳು ಸಿಗುತ್ತವೆ. ನೋಡಿ, ಅಲ್ಲೇ ಬಿಡಿ. ಮಕ್ಕಳು ಮಾರಲು ಬಂದರೂ ಕೊಳ್ಳಬೇಡಿ.

ಮುಂದಿನ ದಿನ ಹಿಕ್ಕಿಮ್ ಹಳ್ಳಿ ಹಾದು ಕೋಮಿಕ್. ಹಿಕ್ಕಿಮ್ಮಿನಲ್ಲಿ 1983ರಿಂದ ಅಂಚೆ ಕಚೇರಿ ಇದೆ, ಮನೆಗೆ ಒಂದು ಕಾರ್ಡ್ ಹಾಕಿ. ಕೋಮಿಕ್‌ನಿಂದ ಡೆಮುಲ್ ದಾರಿಯೇ ಎಲ್ಲಕ್ಕಿಂತ ಉದ್ದ. ಸುಮಾರು 15 ಕಿಲೋಮೀಟರ್. ನಡುವೆ ಒಂದು ಮನೆಯಿಲ್ಲ, ಒಂದು ಮರವಿಲ್ಲ. ಮಲೆನಾಡಿನವರಿಗೆ ದೊಡ್ಡ ಆಘಾತ ಇದೇ. ನಮಗೆ ಬೆಟ್ಟ ಅಂದರೆ ಶೋಲಾ ಕಾಡು, ಜಿಗಣೆ, ನೆರಳು. ಅಲ್ಲಿ ಬಿಸಿಲಿಗೆ ಮೂಗಿನ ಸಿಪ್ಪೆ ಏಳುತ್ತದೆ, ನೆರಳಿಗೆ ಬಂದರೆ ನಡುಕ ಹಿಡಿಯುತ್ತದೆ. ಊರಿನವರೊಬ್ಬರು ಜೊತೆಗಿಲ್ಲದೆ ಆ ದಿನ ಹೊರಡಲೇಬೇಡಿ.

ಯಾವ ತಿಂಗಳು ಅಂತ ಕೇಳಿದರೆ ನನ್ನ ಮತ ಸೆಪ್ಟೆಂಬರ್. ಸಕಲೇಶಪುರದಲ್ಲಿ ಮಳೆ ಬಿಡದೆ ಹೊಡೆಯುವಾಗ ಅರಸೀಕೆರೆಯ ತೆಂಗಿನ ತೋಟದವರು ಮೋಡ ನೋಡುತ್ತಾ ಕೂತಿರುತ್ತಾರಲ್ಲ, ಸ್ಪಿತಿಯ ಕಥೆಯೂ ಅದೇ. ಬೆಟ್ಟ ಅಡ್ಡ ನಿಂತು ಮಳೆಯನ್ನು ಆಚೆಯೇ ತಡೆಯುತ್ತದೆ. ಆದರೆ ಸ್ಪಿತಿ ಮುಟ್ಟಲು ಆ ಮಳೆಯ ಸೀಮೆಯನ್ನು ದಾಟಲೇಬೇಕು. ಜುಲೈ ಆಗಸ್ಟಿನಲ್ಲಿ ಕಿನ್ನೌರಿನ ರಸ್ತೆಗೆ ಗುಡ್ಡ ಜಾರುತ್ತದೆ. ನಮ್ಮ ಶಿರಾಡಿ ಘಾಟಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರಿನಲ್ಲಿ ಆ ಕಾಟ ಇಳಿದಿರುತ್ತದೆ. ರಾತ್ರಿ ಚಳಿ ಮಾತ್ರ ಸೊನ್ನೆಯ ಹತ್ತಿರ.

ತಯಾರಿಗೆ ಊರು ಬಿಟ್ಟು ಹೋಗಬೇಕಾಗಿಲ್ಲ. ಬೆನ್ನಿಗೆ ಎಂಟು ಕೆಜಿ ಹಾಕಿಕೊಂಡು ವಾರಕ್ಕೆರಡು ಸಲ ಗುಡ್ಡ ಹತ್ತಿ ಇಳಿಯಿರಿ. ಇಳಿಯುವುದೇ ಮುಖ್ಯ, ಮಂಡಿ ಕೈಕೊಡುವುದು ಆಗಲೇ. ಹಾಸನದವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಒಳ್ಳೆಯ ಅಭ್ಯಾಸ. ಅಲ್ಲಿ ಬೂಟು ಹಾಕುವ ಹಾಗಿಲ್ಲ, ಹಾಗಾಗಿ ಹೊಸ ಬೂಟು ಪಳಗಿಸಲು ಬೇರೆ ಕಡೆ ಹೋಗಬೇಕು, ಅಷ್ಟೇ.

ಆ ಮನೆಗಳ ಬಗ್ಗೆ ಒಂದೆರಡು ಮಾತು. ಡೆಮುಲ್‌ನಲ್ಲಿ ಬಂದವರನ್ನು ಮನೆಗಳಿಗೆ ಸರದಿಯ ಮೇಲೆ ಹಂಚುತ್ತಾರೆ. ಇಂಥ ಮನೆಯೇ ಬೇಕು ಅನ್ನುವ ಹಾಗಿಲ್ಲ. ಎಲ್ಲರಿಗೂ ನಾಲ್ಕು ಕಾಸು ಸಿಗಲಿ ಅಂತ ಊರೇ ಮಾಡಿಕೊಂಡ ಕ್ರಮ. ನಗದು ಇಟ್ಟುಕೊಂಡಿರಿ. ಒಲೆಗೆ ಬೆರಣಿ ಹಾಕುತ್ತಾರೆ, ಚಳಿಗಾಲಕ್ಕೆ ಕೂಡಿಟ್ಟ ಬೆರಣಿ ಅದು. ಸ್ನಾನಕ್ಕೆ ಬಿಸಿನೀರು ಕೇಳುವ ಮೊದಲು ಇದು ನೆನಪಿರಲಿ. ಶೌಚದ ಕೋಣೆ ನೆಲದಲ್ಲಿ ಒಂದು ಕಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಎರಡನೇ ಸಲ ಹೋದಾಗ ನಾವು ಅಭ್ಯಾಸದಂತೆ ಚೊಂಬು ತುಂಬಿ ಹೊರಟೆವು. ಮನೆಯ ಅಜ್ಜಿ ಬಾಗಿಲಲ್ಲೇ ತಡೆದು ಚೊಂಬು ಇಸಿದುಕೊಂಡರು. ಕೆಳಗೆ ಬಿದ್ದಿದ್ದು ವಸಂತಕ್ಕೆ ಹೊಲದ ಗೊಬ್ಬರ. ನೀರು ಬಿದ್ದರೆ ಕೆಟ್ಟುಹೋಗುತ್ತದೆ. ತಿಪ್ಪೆ ಕಾಯುವ ನಮ್ಮ ಹಳ್ಳಿಯ ಹೆಂಗಸರ ಮುಖದಲ್ಲಿ ಕಾಣುವ ಗಾಬರಿಯೇ ಆ ಅಜ್ಜಿಯ ಮುಖದಲ್ಲೂ ಇತ್ತು.

ಬೆಳಗ್ಗೆ ಅದೇ ಅಜ್ಜಿ ತ್ಸಂಪಾ ಕೊಟ್ಟರು. ಹುರಿದ ಬಾರ್ಲಿಯ ಹಿಟ್ಟು. ಬೆಣ್ಣೆ ಚಹಾ ಹಾಕಿ ಕೈಯಲ್ಲೇ ಕಲಸಿ ಉಂಡೆ ಮಾಡುತ್ತಾರೆ. ಬಾಯಿಗೆ ಹಾಕಿದರೆ ನಮ್ಮ ರಾಗಿ ಹುರಿಹಿಟ್ಟಿನ ಅಣ್ಣನೋ ತಮ್ಮನೋ ಅನ್ನಿಸುತ್ತದೆ. ಆ ಸಲ ನಾನು ಅರ್ಧ ಕೆಜಿ ಹುರಿಹಿಟ್ಟು, ಒಂದು ಅಚ್ಚು ಬೆಲ್ಲ ಒಯ್ದಿದ್ದೆ. ಅಜ್ಜಿ ಮೂಸಿ ನೋಡಿ, ಚಿಟಿಕೆ ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ಸೀದಾ ಒಳಗೆ ತೆಗೆದುಕೊಂಡು ಹೋದರು. ಡಬ್ಬಿ ವಾಪಸ್ ಬರಲಿಲ್ಲ.

ಡೆಮುಲ್‌ನಿಂದ ಲಾಲುಂಗ್ ಇಳಿಜಾರೇ ಜಾಸ್ತಿ, ಉಸಿರು ಹಗುರ. ಲಾಲುಂಗ್‌ನಿಂದ ಕೊನೆಗೆ ಧಂಕರ್. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡಿಗೆ ಲಾಂಗ್ಝಾದಿಂದ ಧಂಕರ್‌ವರೆಗೆ ನಾಲ್ಕು ದಿನ. ಈ ನಾಲ್ಕರ ಜೊತೆ ಹೋಗುವ ದಾರಿ, ಹೊಂದಿಕೊಳ್ಳುವ ದಿನ, ವಾಪಸ್ ಪ್ರಯಾಣ ಎಲ್ಲ ಸೇರಿ 16. ಮೇಲೆ ಏನೂ ಬರೆಯದ ಎರಡು ಖಾಲಿ ದಿನ. ರಸ್ತೆ ಮುಚ್ಚಿದರೆ, ಯಾರಿಗಾದರೂ ತಲೆನೋವು ಇಳಿಯದಿದ್ದರೆ ಖರ್ಚು ಮಾಡಲು. ಒಟ್ಟು 18.

ಹುಡುಗ ಚೀಟಿ ನೋಡಿ, "ಅಷ್ಟು ರಜೆ ಆಫೀಸಲ್ಲಿ ಕೊಡಲ್ಲ ಸರ್" ಅಂದ. ಹಾಗಾದರೆ ಈ ವರ್ಷ ಕಲ್ಪಾಕ್ಕೆ ಹೋಗಿ, ಸೇಬಿನ ತೋಟದಲ್ಲಿ ನಾಲ್ಕು ದಿನ ತಿರುಗಾಡಿ ಬಾ ಅಂದೆ. ಅವನಿಗೆ ಅದು ಇಷ್ಟವಾದ ಹಾಗೆ ಕಾಣಲಿಲ್ಲ. ಚೀಟಿ ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡ.

ಮೂಡಿಗೆರೆಯ ಗೆಳೆಯ ಈ ಸೆಪ್ಟೆಂಬರಿಗೆ ನನ್ನ ಜೊತೆ ಮತ್ತೆ ಹೊರಟಿದ್ದಾನೆ. ಕ್ಯಾಲೆಂಡರಿನಲ್ಲಿ 18 ದಿನಕ್ಕೂ ಗೆರೆ ಎಳೆದಿದ್ದಾನೆ. ಆ ಎರಡು ಖಾಲಿ ದಿನದ ಮುಂದೆ "ಕಾಫಿ" ಅಂತ ಬರೆದಿದ್ದಾನೆ.

ನಮಸ್ಕಾರ.