ಗುಂಡಿ ಒತ್ತುವ ಮುಂಚೆ, ಗಾಡಿ ಎಲ್ಲಿ ನಿಂತಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

2017ರ ಜನವರಿ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ರೋಸ್‌ವಿಲ್ ಎಂಬ ಊರು. ಅಲ್ಲೊಬ್ಬ ಯುವಕ ಕಾರು ಸ್ಟಾರ್ಟ್ ಮಾಡಿ, ಬಿಸಿಯಾಗುತ್ತಿರಲಿ ಅಂತ ಅಂಗಳದಲ್ಲೇ ಬಿಟ್ಟು ಮನೆಯೊಳಗೆ ಹೋದ. ವಾಪಸ್ ಬಂದು ನೋಡಿದರೆ ಪೊಲೀಸರ ಚೀಟಿ. 128 ಡಾಲರ್ ದಂಡ! ಆ ಚೀಟಿಯ ಫೋಟೋ ಫೇಸ್‌ಬುಕ್ಕಿಗೆ ಹೋಯಿತು, ದೊಡ್ಡ ಗಲಾಟೆಯಾಯಿತು. ನನ್ನ ಕಾರು, ನನ್ನ ಅಂಗಳ, ನಿಮಗೇನು ಕಷ್ಟ ಅಂತ ಜನ ಕೇಳಿದರು. ಕೀ ಒಳಗೇ ಬಿಟ್ಟು, ಇಂಜಿನ್ ಓಡುತ್ತ ನಿಂತ ಕಾರನ್ನು ಕಳ್ಳ ಸುಲಭವಾಗಿ ಹೊಡೆದುಕೊಂಡು ಹೋಗುತ್ತಾನೆ ಅಂತ ಪೊಲೀಸರು ಹೇಳಿದರು. ಎರಡೂ ಕಡೆ ನ್ಯಾಯ ಇತ್ತು ಅನ್ನಿ. ಅದೇ ವರ್ಷ ಅಲ್ಲಿನ ಕಾನೂನು ತಿದ್ದುಪಡಿಯಾಗಿ ಸ್ವಂತ ಅಂಗಳಕ್ಕೆ ವಿನಾಯಿತಿ ಸಿಕ್ಕಿತು.

ಆ ಹುಡುಗನ ಅವಸ್ಥೆ ನಮಗೆ ಅರ್ಥವಾಗಬೇಕಾದರೆ ಆ ಚಳಿ ಎಂಥದ್ದು ಅಂತ ಗೊತ್ತಿರಬೇಕು. ಡೆಟ್ರಾಯ್ಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಸಾಕಷ್ಟು ಜನ ಇದ್ದಾರೆ, ಅವರನ್ನು ಕೇಳಿ. ಜನವರಿಯಲ್ಲಿ ಬೆಳಿಗ್ಗೆ ಎದ್ದರೆ ಕಾರಿನ ಗಾಜಿನ ಮೇಲೆ ಮಂಜುಗಡ್ಡೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆದು ತೆಗೆಯದೆ ಮುಂದಿನ ರಸ್ತೆ ಕಾಣುವುದಿಲ್ಲ. ಸ್ಟೇರಿಂಗ್ ಹಿಡಿದರೆ ಬೆರಳು ಮರಗಟ್ಟುತ್ತದೆ. ಅಂಥ ಕಡೆ ಮನೆಯೊಳಗೆ ಕಾಫಿ ಕುಡಿಯುತ್ತಲೇ ಒಂದು ಗುಂಡಿ ಒತ್ತಿ, ಹೊರಗಿನ ಕಾರನ್ನು ಸ್ಟಾರ್ಟ್ ಮಾಡುವ ಸೌಕರ್ಯ ಬಂತು. ಅದೇ ಇವತ್ತಿನ ವಿಷಯ, ರಿಮೋಟ್ ಸ್ಟಾರ್ಟ್.

ನಮ್ಮಲ್ಲಿ ಜನಸಾಮಾನ್ಯರ ಬಾಯಿಗೆ ಈ ಮಾತು ಬಂದದ್ದು ಈಚೆಗೆ. 2019ರ ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ ಬಂತು. ಅದರ ಆಟೋಮ್ಯಾಟಿಕ್ ಗಾಡಿಯಲ್ಲಿ ಫೋನಿನಿಂದಲೇ ಇಂಜಿನ್ ಸ್ಟಾರ್ಟ್ ಮಾಡಬಹುದಿತ್ತು. ಆಮೇಲೆ ಕಿಯಾ ಬಂತು, ಬೇರೆಯವರೂ ಬಂದರು. ಈಗ ಹತ್ತು ಹದಿನೈದು ಲಕ್ಷದ ಗಾಡಿ ನೋಡಲು ಹೋದರೆ ಶೋರೂಂ ಹುಡುಗ ಮೊದಲು ತೋರಿಸುವುದರಲ್ಲಿ ಇದೂ ಒಂದು.

ಇದು ಕೆಲಸ ಮಾಡುವ ಬಗೆ ಎರಡು. ಒಂದು, ಕೀಯಲ್ಲೇ ಇರುವ ಗುಂಡಿ. ಸಾಮಾನ್ಯವಾಗಿ ಮೊದಲು ಬಾಗಿಲು ಲಾಕ್ ಮಾಡಿ, ಆಮೇಲೆ ಸ್ಟಾರ್ಟ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಇದು ರೇಡಿಯೋ ಸಂಕೇತ. ಗಾಡಿ ಸ್ವಲ್ಪ ಹತ್ತಿರದಲ್ಲೇ ಇರಬೇಕು. ಎರಡನೆಯದು ಫೋನಿನ ಆಪ್. ಕಾರಿನೊಳಗೆ ಒಂದು ಸಿಮ್ ಇರುತ್ತದೆ. ನೀವು ಮೈಸೂರಿನಲ್ಲಿ ಕೂತು ಬೆಂಗಳೂರಿನಲ್ಲಿರುವ ಗಾಡಿಯನ್ನೂ ಸ್ಟಾರ್ಟ್ ಮಾಡಬಹುದು. ಯಾಕೆ ಮಾಡಬೇಕು ಅಂತ ಕೇಳಬೇಡಿ, ಮಾಡಬಹುದು ಅಷ್ಟೇ. ಆದರೆ ಗಾಡಿ ನಿಂತ ಕಡೆ ನೆಟ್‌ವರ್ಕ್ ಇಲ್ಲದಿದ್ದರೆ ಆಪ್ ಸುಮ್ನೆ ತಿರುಗುತ್ತಾ ಕೂರುತ್ತದೆ.

ಕಂಪನಿಯವರು ಒಳಗೇ ಇಟ್ಟಿರುವ ಕಾವಲುಗಳು ಒಳ್ಳೆಯವೇ. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್ ಪಾರ್ಕಿನಲ್ಲಿ, ಅಂದರೆ P ಗುರುತಿನಲ್ಲಿ, ಇಲ್ಲದಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ತೆರೆದಿದ್ದರೆ, ಬಾಗಿಲು ಸರಿಯಾಗಿ ಹಾಕಿಲ್ಲದಿದ್ದರೆ ಆಗುವುದಿಲ್ಲ. ಸ್ಟಾರ್ಟ್ ಆದ ಮೇಲೂ ಬಾಗಿಲು ಲಾಕ್ ಆಗಿಯೇ ಇರುತ್ತದೆ. ಯಾರಾದರೂ ಗಾಜು ಒಡೆದು ಒಳಗೆ ಕೂತರೂ, ಕೀ ಇಲ್ಲದೆ ಬ್ರೇಕ್ ಒತ್ತಿದರೆ ಇಂಜಿನ್ ನಿಂತು ಹೋಗುತ್ತದೆ. ರೋಸ್‌ವಿಲ್ ಹುಡುಗನ ಕಾರಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಕೊಲರಾಡೋ ರಾಜ್ಯದವರು 2016ರಲ್ಲೇ ಇದನ್ನು ಒಪ್ಪಿಕೊಂಡು, ಇಂಜಿನ್ ಓಡುತ್ತಿರುವ ಗಾಡಿಯನ್ನು ಬಿಟ್ಟು ಹೋಗಬಾರದು ಎಂಬ ಕಾನೂನಿನಲ್ಲಿ ರಿಮೋಟ್ ಸ್ಟಾರ್ಟ್ ಇರುವ ಗಾಡಿಗೆ ವಿನಾಯಿತಿ ಕೊಟ್ಟರು. ಇನ್ನೊಂದು ಕಾವಲು ಸಮಯದ್ದು. ಹತ್ತು ಹದಿನೈದು ನಿಮಿಷದಲ್ಲಿ ನೀವು ಬಾರದಿದ್ದರೆ ಇಂಜಿನ್ ತಾನಾಗಿ ಆಫ್ ಆಗುತ್ತದೆ.

ಸರಿ, ನಮಗೆ ಇದರಿಂದ ಏನು ಉಪಯೋಗ? ನಮಗೆ ಬೇಕಾದದ್ದು ಬಿಸಿ ಅಲ್ಲ, ತಂಪು. ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾಗಿಲು ತೆಗೆದವರಿಗೆ ಹೆಚ್ಚು ಹೇಳಬೇಕಿಲ್ಲ. ಸೀಟ್ ಬೆಲ್ಟಿನ ಕೊಂಡಿ ಮುಟ್ಟಿದರೆ ಚುರ್ ಅನ್ನುತ್ತದೆ. ವಯಸ್ಸಾದವರು, ಎಳೆ ಮಕ್ಕಳು ಹತ್ತುವ ಗಾಡಿ ಸ್ವಲ್ಪ ಮೊದಲೇ ತಣ್ಣಗಾಗಿದ್ದರೆ ನಿಜವಾಗಿಯೂ ದೊಡ್ಡ ಅನುಕೂಲ. ಆಸ್ಪತ್ರೆಯಿಂದ ರೋಗಿಯನ್ನು ಕರೆದುಕೊಂಡು ಹೊರಡುವಾಗ ಈ ಗುಂಡಿಯ ಬೆಲೆ ಗೊತ್ತಾಗುತ್ತದೆ.

ಇದನ್ನು ಬಳಸಲಿಕ್ಕೂ ಒಂದು ಕ್ರಮ ಇದೆ. ರಿಮೋಟ್ ಸ್ಟಾರ್ಟ್ ಕೊಟ್ಟರೆ ಎಸಿ ಹೊಸದಾಗಿ ಯೋಚಿಸುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ನೀವು ಹಿಂದಿನ ಸಲ ಬಿಟ್ಟಿದ್ದ ಸೆಟ್ಟಿಂಗೇ ನಡೆಯುತ್ತದೆ. ಹಾಗಾಗಿ ಇಳಿಯುವಾಗಲೇ ಎಸಿ ತಂಪಿಗೆ ಇಟ್ಟು ಇಳಿಯಿರಿ. ಎರಡು ಮೂರು ನಿಮಿಷ ಸಾಕು, ಹತ್ತು ನಿಮಿಷ ಓಡಿಸಬೇಕಿಲ್ಲ. ಗಾಡಿ ಹತ್ತಿರ ಬಂದ ಮೇಲೆ ಎರಡೂ ಕಡೆಯ ಬಾಗಿಲು ತೆಗೆದು ಉಳಿದ ಬಿಸಿಗಾಳಿ ಹೊರಗೆ ಹೋಗಲು ಬಿಡಿ. ಕಿಟಕಿ ಅರ್ಧ ಇಳಿಸಿಕೊಂಡು ನೂರಿನ್ನೂರು ಮೀಟರ್ ಓಡಿಸಿದರೆ ಮುಗಿಯಿತು. ನನ್ನನ್ನು ಕೇಳಿದರೆ ಈ ಬಾಗಿಲು ತೆಗೆಯುವ ಹಳೆಯ ವಿದ್ಯೆಗೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

ಇನ್ನು ಇಂಜಿನ್ ಬಿಸಿ ಮಾಡುವ ಮಾತು. ಹಳೆಯ ಕಾರ್ಬ್ಯುರೇಟರ್ ಗಾಡಿಗಳಿಗೆ ಚೋಕ್ ಎಳೆದು, ಸ್ವಲ್ಪ ಹೊತ್ತು ಓಡಿಸಿ ಹೊರಡುತ್ತಿದ್ದೆವು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಈಗಿನ ಫ್ಯುಯಲ್ ಇಂಜೆಕ್ಷನ್ ಇಂಜಿನ್‌ಗೆ ಅದು ಬೇಡ. ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಓಡಿಸಿದರೆ ನಿಂತಲ್ಲಿಗಿಂತ ಬೇಗ ಬಿಸಿಯಾಗುತ್ತದೆ. ನಿಂತಲ್ಲೇ ಓಡುವ ಇಂಜಿನ್ ಗಂಟೆಗೆ ಸುಮಾರು ಒಂದರಿಂದ ಎರಡು ಲೀಟರ್ ಇಂಧನ ಕುಡಿಯುತ್ತದೆ ಅಂತ ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಇಂಜಿನ್ ದೊಡ್ಡದಾದಷ್ಟೂ, ಎಸಿ ಹಾಕಿದಷ್ಟೂ ಜಾಸ್ತಿ. ದಿನಾ ಬೆಳಿಗ್ಗೆ ಹತ್ತು ಹತ್ತು ನಿಮಿಷ ಓಡಿಸಿ, ಆಮೇಲೆ ಮೈಲೇಜ್ ಬರುತ್ತಿಲ್ಲ ಅಂತ ಸರ್ವಿಸ್ ಸೆಂಟರಿಗೆ ಹೋದರೆ ಅವರು ತಾನೆ ಏನು ಮಾಡಿಯಾರು?

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕೀ ಹಾಕಿ ಸ್ಟಾರ್ಟ್ ಮಾಡುವವರು ಗಾಡಿಯ ಒಳಗೇ ಇರುತ್ತಾರೆ. ಗಾಡಿ ಎಲ್ಲಿದೆ, ಸುತ್ತ ಏನಿದೆ, ಹಿಂದೆ ಯಾರಿದ್ದಾರೆ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ರಿಮೋಟ್ ಒತ್ತುವವರಿಗೆ ಅದು ಕಾಣುವುದಿಲ್ಲ. ಆ ಕಾವಲುಗಳೆಲ್ಲ ಗಾಡಿಯ ಒಳಗಿನದನ್ನು ನೋಡುತ್ತವೆ. ಹೊರಗೆ ಗೋಡೆ ಇದೆಯೋ ಬಯಲು ಇದೆಯೋ ಅವಕ್ಕೆ ಗೊತ್ತಿಲ್ಲ.

ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅಡುಗೆ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಇನ್ನೊಂದು ವಿಷಯ ಗಮನಿಸಿ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ಅಂದರೆ ಪೆಟ್ರೋಲ್ ಗಾಡಿಯಲ್ಲಿ ಸ್ಟಾರ್ಟ್ ಆದ ಮೊದಲ ಕೆಲವು ನಿಮಿಷಗಳಲ್ಲೇ ಈ ವಿಷ ಜಾಸ್ತಿ. ರಿಮೋಟ್ ಸ್ಟಾರ್ಟ್ ನಡೆಯುವುದೂ ಆಗಲೇ.

ಗ್ಯಾರೇಜಿನ ಬಾಗಿಲು ತೆಗೆದಿದ್ದೇನಲ್ಲ ಅನ್ನುವವರೂ ಇದ್ದಾರೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದ್ದಾರೆ. ದೊಡ್ಡ ಬಾಗಿಲು ತೆಗೆದೇ ಇತ್ತು. ಎರಡು ನಿಮಿಷ ಕಾರು ಓಡಿಸಿ ಹೊರಗೆ ತೆಗೆದರು. ಹತ್ತು ಗಂಟೆ ಕಳೆದ ಮೇಲೂ ಗ್ಯಾರೇಜಿನ ಗಾಳಿಯಲ್ಲಿ ಅಳೆಯುವಷ್ಟು ಅನಿಲ ಉಳಿದಿತ್ತು.

2013ರಲ್ಲಿ ಅಮೆರಿಕದಲ್ಲಿ ಸುಬಾರು ಕಂಪನಿ ಸುಮಾರು 47 ಸಾವಿರ ಕಾರುಗಳನ್ನು ವಾಪಸ್ ಕರೆಸಿತು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ರಿಮೋಟ್ ಕೈಜಾರಿ ಕೆಳಗೆ ಬಿದ್ದರೆ ಅದರೊಳಗೆ ಏನೋ ಕೆಟ್ಟು, ಯಾರೂ ಒತ್ತದಿದ್ದರೂ ಸಂಕೇತ ಹೋಗಬಹುದಿತ್ತು. ಇಂಜಿನ್ ತಾನಾಗಿ ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತು ಓಡಿ, ನಿಂತು, ಮತ್ತೆ ಸ್ಟಾರ್ಟ್ ಆಗುತ್ತಿತ್ತು. ರಿಮೋಟಿನ ಬ್ಯಾಟರಿ ಮುಗಿಯುವ ತನಕ, ಇಲ್ಲವೇ ಟ್ಯಾಂಕ್ ಖಾಲಿಯಾಗುವ ತನಕ! ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಅಂಥ ಗಾಡಿ ಇದ್ದು, ಮನೆಯವರು ಮಲಗಿದ್ದರೆ ಏನಾಗುತ್ತಿತ್ತು?

ಇದಕ್ಕೆ ಹತ್ತಿರದ ಇನ್ನೊಂದು ಅಪಾಯ ಪುಷ್ ಬಟನ್ ಗಾಡಿಗಳದು. ಇಂಜಿನ್ ಸದ್ದು ಕಡಿಮೆ, ಕೀ ಜೇಬಿನಲ್ಲೇ ಇದೆ. ಆಫ್ ಮಾಡಿದ್ದೇವೆ ಅಂದುಕೊಂಡು ಜನ ಇಳಿದು ಹೋಗುತ್ತಾರೆ. ಅಮೆರಿಕದಲ್ಲಿ ಹೀಗೆ 2006ರಿಂದ ಎರಡು ಡಜನ್‌ಗೂ ಹೆಚ್ಚು ಜನ ಸತ್ತಿದ್ದಾರೆ ಅಂತ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರಲ್ಲಿ ಬರೆಯಿತು. ಟೊಯೋಟಾ 2020ರ ಮಾದರಿಗಳಿಂದ ತಾನಾಗಿ ಆಫ್ ಆಗುವ ಏರ್ಪಾಡು ತಂದಿತು. 2021ರಲ್ಲಿ ಅಲ್ಲಿನ ಸಂಸತ್ತು ಇಂಥ ಏರ್ಪಾಡು ಕಡ್ಡಾಯ ಮಾಡುವ ನಿಯಮ ತರಬೇಕೆಂದು ಕಾನೂನನ್ನೇ ಮಾಡಿತು.

ನಮ್ಮಲ್ಲಿ ಮನೆಗೆ ಅಂಟಿದ ಗ್ಯಾರೇಜು ಕಡಿಮೆ, ನಿಜ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟ್ ಇದೆಯಲ್ಲ? ಎಷ್ಟೋ ಕಡೆ ಗಾಳಿ ಎಳೆಯುವ ಫ್ಯಾನ್ ಇದ್ದರೂ ಕರೆಂಟ್ ಉಳಿಸಲು ಆಫ್ ಮಾಡಿರುತ್ತಾರೆ. ಅಲ್ಲೇ ಮೂಲೆಯಲ್ಲಿ ವಾಚ್‌ಮನ್ ಕುಟುಂಬದ ಪುಟ್ಟ ಕೋಣೆ ಇರುತ್ತದೆ. ಡ್ರೈವರುಗಳು ಕಾರಿನಲ್ಲೇ ಒಂದು ನಿದ್ದೆ ತೆಗೆಯುತ್ತಿರುತ್ತಾರೆ. ಐದನೇ ಮಹಡಿಯಿಂದ ಗುಂಡಿ ಒತ್ತಿದವರಿಗೆ ಅವರು ಕಾಣುವುದಿಲ್ಲ. ಸೈಲೆನ್ಸರ್ ಎದುರಿಗೇ ಆ ಕೋಣೆಯ ಕಿಟಕಿ ಇರಬಹುದು. ಬೇಸ್‌ಮೆಂಟಿನಲ್ಲಿ ನಿಲ್ಲಿಸುವ ಗಾಡಿಗೆ ರಿಮೋಟ್ ಸ್ಟಾರ್ಟ್ ಬೇಡವೇ ಬೇಡ. ಅಲ್ಲಿ ಬಿಸಿಲೂ ಇಲ್ಲವಲ್ಲ!

ಹಿಮ ಬೀಳುವ ಊರಿನಲ್ಲಿರುವವರಿಗೆ ಒಂದು ಮಾತು. ರಾತ್ರಿ ಹಿಮ ಬಿದ್ದಿದ್ದರೆ ಮೊದಲು ಹೊರಗೆ ಹೋಗಿ ಸೈಲೆನ್ಸರ್ ಬಾಯಿ ಬಿಡಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಬಾಯಿ ಮುಚ್ಚಿದ್ದರೆ ಹೊಗೆ ಕಾರಿನೊಳಗೇ ನುಗ್ಗುತ್ತದೆ. 2016ರ ಜನವರಿಯ ದೊಡ್ಡ ಹಿಮಪಾತದಲ್ಲಿ ನ್ಯೂಜೆರ್ಸಿಯ ಪಸೇಕ್ ಎಂಬಲ್ಲಿ ಒಬ್ಬ ತಾಯಿ, ಪುಟ್ಟ ಮಗ ಹೀಗೇ ತೀರಿಕೊಂಡರು. ಹೊರಗೆ ಅಪ್ಪ ಕಾರಿನ ಸುತ್ತ ಹಿಮ ತೆಗೆಯುತ್ತಿದ್ದರು. ಇವರು ಬೆಚ್ಚಗಿರಲಿ ಅಂತ ಒಳಗೆ ಕೂತಿದ್ದರು.

ಕಾನೂನಿನ ಕಡೆ ಸ್ವಲ್ಪ ನೋಡೋಣ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ 126ನೇ ಕಲಂ ಇದೆ. ಸಾರ್ವಜನಿಕ ಜಾಗದಲ್ಲಿ ಗಾಡಿ ನಿಂತಿದ್ದರೆ, ಒಂದೋ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವೇ ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಗಾಡಿ ತಾನಾಗಿ ಉರುಳದ ಹಾಗೆ ಮಾಡಿರಬೇಕು. ಇದನ್ನು ಬರೆದಾಗ ನಮ್ಮಲ್ಲಿ ರಿಮೋಟ್ ಸ್ಟಾರ್ಟ್ ಬಳಕೆಗೆ ಬಂದಿರಲಿಲ್ಲ. ಆದರೂ ರಸ್ತೆ ಬದಿಗೆ ನಿಲ್ಲಿಸಿದ ಗಾಡಿಯನ್ನು ದೂರದಿಂದ ಸ್ಟಾರ್ಟ್ ಮಾಡಿದರೆ ಈ ಕಲಂಗೆ ಸಿಕ್ಕಿಬೀಳುತ್ತೀರಿ ಅಂತಲೇ ನನ್ನ ತಿಳಿವಳಿಕೆ. ಶೋರೂಂನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಮ್ಯಾನ್ಯುಯಲ್ ಗೇರಿನ ಗಾಡಿಗೆ ಹೊರಗಿನಿಂದ ಕಿಟ್ ಹಾಕಿಸುವವರು ಇನ್ನೂ ಜಾಸ್ತಿ ಯೋಚಿಸಬೇಕು. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಗಾಡಿಗೆ ಸಂಬಂಧಪಟ್ಟದ್ದು ಏನು ಬೇಕಾದರೂ ಸಿಗುತ್ತದೆ, ಹಾಕುವವರೂ ಸಿಗುತ್ತಾರೆ. ಆದರೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವಾಗ ಫಸ್ಟ್ ಗೇರ್ ಹಾಕಿ ಇಳಿಯುವುದು ನಮ್ಮಲ್ಲಿ ಅಭ್ಯಾಸ. ಗೇರಿನಲ್ಲಿದ್ದ ಗಾಡಿಗೆ ಸ್ಟಾರ್ಟ್ ಬಿದ್ದರೆ ಅದು ಮುಂದಕ್ಕೆ ಹಾರುತ್ತದೆ. ಎದುರಿಗೆ ಮಗು ಆಡುತ್ತಿದ್ದರೆ? ಇನ್ನೊಂದು, ಈಗಿನ ಗಾಡಿಗಳಲ್ಲಿ ಕೀಯೊಳಗಿನ ಚಿಪ್ ಗುರುತಿಸದೆ ಇಂಜಿನ್ ಓಡುವುದಿಲ್ಲ. ಕಿಟ್ ಹಾಕುವವರು ಅದನ್ನು ದಾಟಲು ಎರಡನೇ ಕೀಯನ್ನೋ ಅದರ ಚಿಪ್ಪನ್ನೋ ಡ್ಯಾಶ್‌ಬೋರ್ಡ್ ಒಳಗೆ ಬಚ್ಚಿಡುವುದುಂಟು. ಆಮೇಲೆ ಕಳ್ಳರನ್ನು ತಡೆಯುವ ಆ ಕಾವಲಿಗೆ ಏನು ಅರ್ಥ? ವೈರಿಂಗ್ ಕತ್ತರಿಸಿದರೆ ವಾರಂಟಿಗೂ ತಕರಾರು ಬರುತ್ತದೆ.

ಫೋನಿನ ಆಪ್ ಇದ್ದ ಮೇಲೆ ಅದರ ಪಾಸ್‌ವರ್ಡೂ ಒಂದು ಕೀಯೇ. 2024ರಲ್ಲಿ ಕಂಪ್ಯೂಟರ್ ಭದ್ರತೆಯ ಸಂಶೋಧಕ ಸ್ಯಾಮ್ ಕರಿ ಮತ್ತು ಸಂಗಡಿಗರು ಅಮೆರಿಕದ ಕಿಯಾ ಕಾರುಗಳ ಆನ್‌ಲೈನ್ ವ್ಯವಸ್ಥೆಯಲ್ಲಿದ್ದ ಒಂದು ತೂತು ತೋರಿಸಿದರು. ನಂಬರ್ ಪ್ಲೇಟ್ ಗೊತ್ತಿದ್ದರೆ ಸಾಕಿತ್ತು. ಬಾಗಿಲು ತೆಗೆಯಬಹುದಿತ್ತು, ಇಂಜಿನ್ ಸ್ಟಾರ್ಟ್ ಮಾಡಬಹುದಿತ್ತು. ಕಂಪನಿ ಅದನ್ನು ಮುಚ್ಚಿದ ಮೇಲಷ್ಟೇ ಅವರು ಹೊರಗೆ ಹೇಳಿದರು. ಅಂಥ ತೂತು ನಾವು ಮುಚ್ಚಲಾರೆವು. ಆದರೆ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಾಗ ಹಳೆಯ ಮಾಲೀಕರ ಖಾತೆ ತೆಗೆಸುವುದು ನಮ್ಮ ಕೈಯಲ್ಲೇ ಇದೆ. ಆರ್‌ಸಿ ನಿಮ್ಮ ಹೆಸರಿಗೆ ಬಂದಿದ್ದರೂ ಸ್ಟಾರ್ಟ್ ಗುಂಡಿ ಅವರ ಫೋನಿನಲ್ಲೇ ಉಳಿದಿರಬಹುದು. ಮಾರುವವರೂ ಅಷ್ಟೇ.

ಎಸಿ ಹಾಕಿದ್ದೇನೆ ಅಂತ ಮಗುವನ್ನೋ ನಾಯಿಯನ್ನೋ ಒಳಗೆ ಬಿಟ್ಟು ಹೋಗಬೇಡಿ. ಗಡುವು ಮುಗಿದು ಇಂಜಿನ್ ನಿಂತರೆ ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಶಾಖ ಹತ್ತು ಡಿಗ್ರಿಯಷ್ಟು ಏರುತ್ತದೆ.

ಇದೆಲ್ಲ ತಲೆನೋವು ಬೇಡ ಅನ್ನುವವರಿಗೆ ಎಲೆಕ್ಟ್ರಿಕ್ ಗಾಡಿ ಇದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯಲ್ಲೇ ಫೋನಿನಿಂದ ಎಸಿ ಹಾಕಬಹುದಿತ್ತು. ಹೊಗೆಯೇ ಇಲ್ಲ, ಬೇಸ್‌ಮೆಂಟಿನಲ್ಲೂ ಭಯ ಇಲ್ಲ. ಚಾರ್ಜರಿಗೆ ಸಿಕ್ಕಿಸಿಯೇ ಇದ್ದರೆ ಬ್ಯಾಟರಿಯೂ ಅಷ್ಟು ಖರ್ಚಾಗುವುದಿಲ್ಲ.

ಹೊಸ ಗಾಡಿ ಬುಕ್ ಮಾಡುವವರು ಒಂದು ಪ್ರಶ್ನೆ ಕೇಳಿಕೊಂಡು ಬನ್ನಿ. ಸ್ಟಾರ್ಟ್ ಆಗುವುದು ಕೀಯಿಂದಲೋ, ಆಪಿನಿಂದ ಮಾತ್ರವೋ? ಆಪ್ ಆದರೆ ಉಚಿತ ಎಷ್ಟು ವರ್ಷ, ಆಮೇಲೆ ವರ್ಷಕ್ಕೆ ಎಷ್ಟು? 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಟೊಯೋಟಾ ಗಿರಾಕಿಗಳು ಸಿಟ್ಟಾದದ್ದು ಇದಕ್ಕೇ. ಕೈಯಲ್ಲೇ ಇರುವ ಕೀಯಿಂದ ಸ್ಟಾರ್ಟ್ ಮಾಡಲಿಕ್ಕೂ, ಉಚಿತ ಅವಧಿ ಮುಗಿದ ಮೇಲೆ ತಿಂಗಳು ತಿಂಗಳು ಚಂದಾ ಕಟ್ಟಬೇಕು ಅಂತ ಅವರಿಗೆ ಆಗ ಗೊತ್ತಾಯಿತು.

ಕೇಳಿದ್ದಕ್ಕೆ ಥ್ಯಾಂಕ್ಸ್. ನಮಸ್ಕಾರ.